ಲೇತ್‌ನಲ್ಲಿ ಮರ ಕಡೆಯುವ ಚಿತ್ರ ಸರಿಯೋ ತಪ್ಪೋ ಎಂದು ಹೇಗೆ ಗುರುತಿಸುವುದು?

ನೀವು ಚನ್ನಪಟ್ಟಣದ ಬೊಂಬೆಗಳ ಬಗ್ಗೆ ಕರಪತ್ರ ಮಾಡುತ್ತಿದ್ದೀರಿ. ಮರದ ತುಂಡನ್ನು ತಿರುಗಿಸುವ ಲೇತ್ ಎಂಬ ಯಂತ್ರದಲ್ಲಿ ಮರ ಕಡೆಯುವ ಕೆಲವು ಚಿತ್ರಗಳನ್ನು ಅಂತರ್ಜಾಲದಿಂದ ಆರಿಸಿಕೊಂಡಿರಿ. ಅವನ್ನು ನೋಡಿದ ಹಿರಿಯ ಕುಶಲಕರ್ಮಿಯೊಬ್ಬರು ಎರಡನ್ನು ಆ ಕ್ಷಣವೇ ಪಕ್ಕಕ್ಕಿಟ್ಟು ‘ಇವು ಸರಿಯಿಲ್ಲ’ ಎಂದರು, ಕಾರಣ ಹೇಳಲಿಲ್ಲ. ಅವರು ಕಂಡದ್ದೇನು ಎಂಬುದು ನಿಮ್ಮ ಪ್ರಶ್ನೆ.

ನಾನು ಮರ ಕಡೆಯುವವನು. ಆ ಚಿತ್ರಗಳನ್ನು ನಾನು ನೋಡಿಲ್ಲವಾದರೂ ಅವರ ಕಣ್ಣು ಮೊದಲು ಎಲ್ಲಿಗೆ ಹೋಗಿರುತ್ತದೆ ಎಂದು ಹೇಳಬಲ್ಲೆ: ಉಳಿಯ ಬಾಯಿ ಮರಕ್ಕೆ ತಾಗುವ ಜಾಗಕ್ಕೆ. ಈ ಕಸುಬಿನವರೆಲ್ಲ ಅಲ್ಲಿಂದಲೇ ನೋಡಲು ತೊಡಗುತ್ತಾರೆ.

ವಿದ್ಯುತ್ ಲೇತ್‌ನಲ್ಲಿ ಕೆಲಸಗಾರನ ಎದುರಿಗಿರುವ ಮರದ ಮೈ ಮೇಲಿನಿಂದ ಕೆಳಕ್ಕೆ ಸಾಗುತ್ತಿರುತ್ತದೆ. ಅಂದರೆ ಮರವು ಉಳಿಯನ್ನು ಸದಾ ಕೆಳಕ್ಕೆ ಒತ್ತುತ್ತದೆ. ಆ ಒತ್ತಡವನ್ನು ಹೊರುವುದು ಟೂಲ್ ರೆಸ್ಟ್ ಎಂಬ ಕಬ್ಬಿಣದ ಆಧಾರ. ಕೈಯ ಕೆಲಸ ಉಳಿಯನ್ನು ನಡೆಸುವುದಷ್ಟೇ. ಆದ್ದರಿಂದ ಉಳಿ ಮೊದಲು ಆಧಾರದ ಮೇಲೆ ಕೂರಬೇಕು, ಆಮೇಲೆ ಮರವನ್ನು ಮುಟ್ಟಬೇಕು. ಆಧಾರ ಮರಕ್ಕೆ ತೀರ ಹತ್ತಿರ, ಕೆಲವೇ ಮಿಲಿಮೀಟರ್ ದೂರದಲ್ಲಿರಬೇಕು. ಚಿತ್ರದಲ್ಲಿ ಉಳಿ ಗಾಳಿಯಲ್ಲಿ ತೇಲುತ್ತಿದ್ದರೆ ಅಥವಾ ಆಧಾರಕ್ಕೂ ಮರಕ್ಕೂ ನಡುವೆ ಮೂರು ಬೆರಳು ತೂರುವಷ್ಟು ಅಂತರವಿದ್ದರೆ ಅಲ್ಲಿ ಕೆಲಸ ನಡೆದೇ ಇಲ್ಲ. ಛಾಯಾಗ್ರಾಹಕ ಹೇಳಿದಂತೆ ಯಾರೋ ಉಳಿ ಹಿಡಿದು ನಿಂತಿದ್ದಾರೆ. ಯಂತ್ರ ನಿಜವಾಗಿ ತಿರುಗುತ್ತಿದ್ದರೆ ಉಳಿಯ ಮೂತಿ ಥಟ್ಟನೆ ಕೆಳಗೆ ಬಡಿದು ಹಿಡಿ ಮೇಲಕ್ಕೆ ಚಿಮ್ಮುತ್ತಿತ್ತು.

ಉಳಿ ಯಾವುದು ಎಂಬುದನ್ನೂ ನೋಡಿ. ದೋಣಿಯಂತೆ ಕುಳಿಯಿರುವ ಗೌಜ್ ಉಳಿಯ ಹಿಡಿ ಸಾಮಾನ್ಯವಾಗಿ ಬಾಯಿಗಿಂತ ತಗ್ಗಿನಲ್ಲಿರುತ್ತದೆ. ಅದರ ಮಸೆದ ಇಳಿಜಾರು ಮುಖ ಮರದ ಮೈಗೆ ಸವರಿಕೊಂಡು ಸಾಗಬೇಕು. ಕೆರೆಯುವ ಚಪ್ಪಟೆ ಉಳಿಯದು ಇದಕ್ಕೆ ತಿರುಗುಮುರುಗು: ಹಿಡಿ ಸ್ವಲ್ಪ ಮೇಲೆ, ಬಾಯಿ ಸ್ವಲ್ಪ ಕೆಳಗೆ. ಗೌಜನ್ನು ಬೋರಲು ಹಾಕಿ, ಕುಳಿ ಕೆಳಮುಖವಾಗಿ ಹಿಡಿದಿರುವ ಜಾಹೀರಾತಿನ ಚಿತ್ರಗಳನ್ನು ನಾನು ಹಲವು ಕಡೆ ಕಂಡಿದ್ದೇನೆ. ಇನ್ನೊಂದು ತಪ್ಪು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಚೌಕ ತುಂಡನ್ನು ದುಂಡಗೆ ಮಾಡುವ ಅಗಲವಾದ ಗೌಜನ್ನು ಬಟ್ಟಲು ಕಡೆಯಲು ಬಳಸಿರುವುದು ಅದು. ಆ ಉಳಿ ಹಿಡಿಯೊಳಗೆ ಸೇರುವ ಕಡೆ ತೆಳ್ಳಗಾಗಿರುತ್ತದೆ. ಬಟ್ಟಲಿನಲ್ಲಿ ಮರದ ಎಳೆ ಅಡ್ಡಲಾಗಿರುವುದರಿಂದ ಒಂದೊಂದು ಸುತ್ತಿಗೂ ಉಳಿಗೆ ಎರಡು ಬಾರಿ ಕಡಿದ ತುದಿಯ ಗಟ್ಟಿ ಎಳೆ ಎದುರಾಗುತ್ತದೆ. ಸಿಕ್ಕಿಕೊಂಡರೆ ಉಳಿ ಆ ತೆಳು ಜಾಗದಲ್ಲೇ ಮುರಿಯುತ್ತದೆ. ಇಂಥ ಚಿತ್ರ ಕಲಿಯುವವರ ಕಣ್ಣಿಗೆ ಬೀಳಬಾರದು ಎಂದು ನಾನು ಹಟ ಹಿಡಿಯುತ್ತೇನೆ. ಚಿತ್ರ ನೋಡಿ ಕೈ ಹಾಗೇ ಇಡುವವರಿದ್ದಾರೆ.

ಅದೇ ಕಾರಣಕ್ಕೆ ಕೈಗವಸಿನ ಚಿತ್ರಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರೂಪದರ್ಶಿಗೆ ದಪ್ಪ ಕೈಗವಸು ತೊಡಿಸಿದರೆ ನೋಡುವವರಿಗೆ ಸುರಕ್ಷತೆಯ ಪಾಠದಂತೆ ಕಾಣುತ್ತದೆ. ತಿರುಗುವ ಯಂತ್ರದ ಬಳಿ ಅದಕ್ಕಿಂತ ಅಪಾಯದ ವಸ್ತು ಕಡಿಮೆ. ಬಟ್ಟೆಯ ಒಂದು ನೂಲು ಸಿಕ್ಕಿದರೂ ಯಂತ್ರ ಕೈಯನ್ನೇ ಎಳೆದುಕೊಳ್ಳುತ್ತದೆ. ಸಡಿಲ ತೋಳು, ಇಳಿಬಿದ್ದ ಸೆರಗು, ಜೋತಾಡುವ ದುಪಟ್ಟಾ, ಬಿಚ್ಚಿದ ಕೂದಲು, ಬಳೆ, ಉಂಗುರ ಎಲ್ಲಕ್ಕೂ ಇದೇ ಮಾತು. ಕಸುಬು ಬಲ್ಲ ಹೆಣ್ಣುಮಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೂದಲನ್ನು ತುರುಬು ಕಟ್ಟಿಯೇ ಲೇತ್ ಮುಂದೆ ಕೂರುತ್ತಾಳೆ. ಮರಳು ಕಾಗದದಿಂದ ಉಜ್ಜುವ ಚಿತ್ರವಾದರೆ ಟೂಲ್ ರೆಸ್ಟ್ ಅಲ್ಲಿ ಇರಲೇಬಾರದು. ಅದನ್ನು ತೆಗೆಯದಿದ್ದರೆ ಬೆರಳು ಅದಕ್ಕೂ ಮರಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ.

ಈಗ ಮರ ತಿರುಗುತ್ತಿದೆಯೇ ಎಂಬ ಪ್ರಶ್ನೆ. ಇಲ್ಲಿ ಆತುರ ಬೇಡ. ನಿಮಿಷಕ್ಕೆ 1200 ಸುತ್ತು ಎಂದರೆ ಸೆಕೆಂಡಿಗೆ 20. ಕ್ಯಾಮೆರಾದ ಕಣ್ಣು 1/60 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಮರ ಮೂರನೇ ಒಂದು ಸುತ್ತು ತಿರುಗಿರುತ್ತದೆ. ಮರದ ಎಳೆಗಳೆಲ್ಲ ಕಲಸಿ ಸುತ್ತುಗೆರೆಗಳಾಗಿ ಕಾಣಬೇಕು. 1/1000 ಸೆಕೆಂಡಾದರೂ 10 ಸೆಂಟಿಮೀಟರ್ ವ್ಯಾಸದ ತುಂಡಿನ ಮೈ ಸುಮಾರು 6 ಮಿಲಿಮೀಟರ್ ಜರುಗಿರುತ್ತದೆ. ಆದರೆ ದುಂಡಗಾದ ತುಂಡಿನ ಅಂಚು ಮಾತ್ರ ಎಷ್ಟು ತಿರುಗಿದರೂ ಸ್ಪಷ್ಟವಾಗಿಯೇ ಇರುತ್ತದೆ. ಇನ್ನೂ ಚೌಕವಿರುವ ಅಥವಾ ಸೊಟ್ಟಗಿರುವ ತುಂಡಿನ ಸುತ್ತ ಅರೆಪಾರದರ್ಶಕ ನೆರಳೊಂದು ಮೂಡುತ್ತದೆ. ಎಳೆಗಳು ಅಚ್ಚುಕಟ್ಟಾಗಿ ಕಾಣುತ್ತಿವೆ, ಸಿಪ್ಪೆಯ ಸುರುಳಿಗಳು ಮಾತ್ರ ಗಾಳಿಯಲ್ಲಿ ಮಂಜುಮಂಜಾಗಿ ಹಾರುತ್ತಿವೆ ಎಂದರೆ ಒಂದರ ಮೇಲೊಂದು ಅಂಟಿಸಿದ ಚಿತ್ರವೆಂದು ಅನುಮಾನಿಸಬಹುದು. ಮೊಬೈಲಿನ ಕ್ಯಾಮೆರಾ ಚಿತ್ರವನ್ನು ಸಾಲುಸಾಲಾಗಿ ಓದಿಕೊಳ್ಳುವುದರಿಂದ ವೇಗವಾಗಿ ತಿರುಗುವ ವಸ್ತು ಸೊಟ್ಟಗೆ ಕಾಣುವುದುಂಟು. ಅದು ಮೋಸವಲ್ಲ.

ಸಿಪ್ಪೆಯೂ ಸಾಕ್ಷಿ ಹೇಳುತ್ತದೆ. ಹಸಿ ಮರವನ್ನು ಹರಿತವಾದ ಗೌಜ್ ಕಡೆದರೆ ಉದ್ದನೆಯ ಎಳೆಗಳು ಉಳಿಯ ಕುಳಿಯಿಂದ ಮೇಲಕ್ಕೆದ್ದು ಕೆಲಸಗಾರನ ಕಡೆಗೆ ಬರುತ್ತವೆ. ಒಣಮರವನ್ನು ಕೆರೆದರೆ ಪುಡಿ, ಚೂರು. ಅಗಲವಾದ, ಪಟ್ಟಿಯಂಥ ಚಂದದ ಸುರುಳಿಗಳು ಲೇತ್ ಕೆಳಗೆ ಹರಡಿದ್ದರೆ ಅವು ಬಡಗಿಯ ಕೀಸುಳಿಯಿಂದ ಬಂದವು. ಅಲಂಕಾರಕ್ಕೆ ಯಾರೋ ತಂದು ಸುರಿದಿದ್ದಾರೆ.

ಯಂತ್ರ ಎಡಬಲವಾಗಿದ್ದರೆ? ಎದುರು ನಿಂತು ಕೆಲಸ ಮಾಡುವವನ ಎಡಗಡೆ ಮೋಟಾರಿನ ಬದಿ, ಬಲಗಡೆ ತುಂಡಿನ ಇನ್ನೊಂದು ತುದಿಗೆ ಆನಿಕೆ ಕೊಡುವ ಟೇಲ್‌ಸ್ಟಾಕ್ ಇರುವುದು ವಾಡಿಕೆ. ಎಡಗೈಯವರೂ ಬಹುಪಾಲು ಇದೇ ಯಂತ್ರ ಬಳಸುತ್ತಾರೆ. ಇದು ಅದಲುಬದಲಾಗಿದ್ದರೆ ಪುಟ ಜೋಡಿಸುವವರು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿರಬಹುದು; ಅಂಗಿಯ ಜೇಬು ಬಲಕ್ಕೆ ಬಂದಿದೆಯೇ, ಯಂತ್ರದ ಮೇಲಿನ ಅಕ್ಷರ ತಿರುವುಮುರುವಾಗಿದೆಯೇ ಎಂದು ನೋಡಿ. ಅಮೆರಿಕದ ಬಿಲ್ಲಿ ದ ಕಿಡ್ ಎಂಬ ಬಂದೂಕುಗಾರ ಎಡಗೈಯವನು ಎಂದು ಜನ ಬಹುಕಾಲ ನಂಬಿದ್ದು ಹೀಗೆ ತಿರುಗಿದ ಒಂದು ಹಳೆಯ ತಗಡಿನ ಛಾಯಾಚಿತ್ರದಿಂದ. ಅವನ ವಿಂಚೆಸ್ಟರ್ ಬಂದೂಕಿಗೆ ಗುಂಡು ತುಂಬುವ ಕಿಂಡಿ ಬಲಬದಿಯಲ್ಲಿರಬೇಕಿತ್ತು, ಚಿತ್ರದಲ್ಲಿ ಎಡಕ್ಕಿತ್ತು. ವಸ್ತುವಿನ ರಚನೆ ಬಲ್ಲವರಿಗೆ ಅಷ್ಟು ಸಾಕಾಯಿತು.

ನಿಮ್ಮ ಕರಪತ್ರಕ್ಕೆ ನೇರವಾಗಿ ಸಂಬಂಧಿಸಿದ ತಪ್ಪುಗಳು ಇನ್ನು ಮುಂದಿವೆ. ಆ ಹಿರಿಯರನ್ನು ಕೆರಳಿಸಿದ್ದು ಇವೇ ಇರಬಹುದು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಬರುವುದು ಅರಗಿನಿಂದ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಒಣಗಿದ ಗರಿಯನ್ನು ಒತ್ತಿ ಅದನ್ನು ಸಮನಾಗಿ ಹರಡಿ ಹೊಳಪು ತರುತ್ತಾರೆ. ಕುಶಲಕರ್ಮಿಗಳು ಅದನ್ನು ತಾಳೆಗರಿ ಎನ್ನುತ್ತಾರೆ. ಇಷ್ಟೂ ನಡೆಯುವುದು ತುಂಡು ಲೇತ್ ಮೇಲಿರುವಾಗಲೇ. ಹಾಗಾಗಿ ತಿರುಗುವ ಬೊಂಬೆಗೆ ಕುಂಚದಿಂದ ಬಣ್ಣ ಬಳಿಯುತ್ತಿರುವ ಚಿತ್ರ ಈ ಕಸುಬಿನದಲ್ಲ. ಕಣ್ಣು, ಹುಬ್ಬುಗಳಂಥ ಸಣ್ಣ ಗುರುತುಗಳಿಗೆ ಕುಂಚ ಬರುತ್ತದೆ ನಿಜ, ಅದು ಕಡೆದಾದ ಮೇಲಿನ ಕೆಲಸ. ಲೇತ್ ಮೇಲೆ ಹಚ್ಚಿದ ಬಣ್ಣದ ಪಟ್ಟೆಗಳು ಬೊಂಬೆಯನ್ನು ಉಂಗುರದಂತೆ ಸುತ್ತುವರಿಯಬೇಕು. ಮೇಲಿಂದ ಕೆಳಗಿಳಿಯುವ ಪಟ್ಟೆ ಆ ರೀತಿ ಮೂಡಲು ಸಾಧ್ಯವಿಲ್ಲ.

ಕೃತಕ ಬುದ್ಧಿಮತ್ತೆ ತಯಾರಿಸಿದ ಚಿತ್ರಗಳಲ್ಲಿ ಇನ್ನೂ ದೊಡ್ಡ ಎಡವಟ್ಟು ಕಾಣುತ್ತದೆ: ಕಿವಿ, ಸೊಂಡಿಲು, ನಾಲ್ಕು ಕಾಲು ಎಲ್ಲ ಇರುವ ಇಡೀ ಆನೆ ಲೇತ್‌ನಲ್ಲಿ ಸಿಕ್ಕಿಸಿಕೊಂಡು ತಿರುಗುತ್ತಿರುತ್ತದೆ! ಲೇತ್‌ನಿಂದ ಹೊರಬರುವುದು ಅಕ್ಷದ ಸುತ್ತ ದುಂಡಾದ ಆಕಾರ ಮಾತ್ರ. ತಲೆ, ಮುಂಡ, ಗಾಲಿಗಳನ್ನು ಬೇರೆ ಬೇರೆ ಕಡೆದು ಆಮೇಲೆ ಜೋಡಿಸುತ್ತಾರೆ. ಮರದ ಎಳೆಯಲ್ಲೂ ಇಂಥ ಚಿತ್ರಗಳು ಸಿಕ್ಕಿಬೀಳುತ್ತವೆ. ನಿಂತ ಕಂಬದಂಥ ತುಂಡಿನಲ್ಲಿ ಎಳೆ ಉದ್ದಕ್ಕೆ ಹರಿಯಬೇಕು, ಉಬ್ಬಿದ ಕಡೆ ಅಂಡಾಕಾರದ ಗೆರೆಗಳಾಗಿ ತೆರೆದುಕೊಳ್ಳಬೇಕು. ಪೀಪಾಯಿಯ ಬಳೆಗಳಂತೆ ಸುತ್ತಿಕೊಂಡ ಎಳೆ ಯಾವ ಮರದಲ್ಲೂ ಇಲ್ಲ. ಇನ್ನು ಚನ್ನಪಟ್ಟಣದ ಹೆಸರಾದ ಆಲೆ ಮರದ ಬಣ್ಣ ದಂತದಂತೆ ಬಿಳಿಚು, ಎಳೆ ನಯ. ಕಡುಕಂದು ಮರ, ಎದ್ದು ಕಾಣುವ ಗೆರೆ ಇದ್ದರೆ ಆ ಚಿತ್ರ ಬೇರೆಲ್ಲಿಯದೋ ಇರಬಹುದು.

ಇಷ್ಟು ಹೇಳಿದ ಮೇಲೂ ಒಂದು ಎಚ್ಚರಿಕೆ ಬೇಕು. ಮೇಲಿನ ಹಲವು ಮಾತುಗಳು ವಿದ್ಯುತ್ ಲೇತ್‌ಗೆ ಮಾತ್ರ ಸಲ್ಲುತ್ತವೆ. ಬಿಲ್ಲಿನ ಹಗ್ಗ ಸುತ್ತಿ ತಿರುಗಿಸುವ ಕೈಲೇತ್‌ನಲ್ಲಿ ಮರ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತುತ್ತದೆ. ಉಳಿ ಕಡಿಯುವುದು ಒಂದು ದಿಕ್ಕಿನಲ್ಲಷ್ಟೇ. ಗುಜರಾತಿನ ಕಚ್ಛ್‌ನ ನಿರೋನಾ ಹಳ್ಳಿಯಲ್ಲಿ ಇಂದಿಗೂ ಹೀಗೆ ಕಡೆದು ಅರಗು ಹಚ್ಚುವವರಿದ್ದಾರೆ. ಮೊರಾಕ್ಕೊದ ಮರಾಕೆಶ್‌ನಲ್ಲಿ ನೆಲದ ಮೇಲೆ ಕುಳಿತ ಕಸುಬಿಗ ಒಂದು ಕೈಯಲ್ಲಿ ಬಿಲ್ಲೆಳೆಯುತ್ತ, ಇನ್ನೊಂದು ಕೈಯಲ್ಲಿ ಉಳಿ ಹಿಡಿದು, ಕಾಲ್ಬೆರಳಿನಿಂದ ಅದನ್ನು ನಡೆಸುತ್ತಾನೆ. ಬರಿಗಾಲು ಉಳಿಗೆ ತಾಗಿರುವ ಅಂಥ ಚಿತ್ರ ಕಂಡು ‘ತಪ್ಪು, ಅಪಾಯ’ ಎಂದು ಬರೆಯುವವರನ್ನು ನೋಡಿ ನನಗೆ ಬೇಸರವಾಗಿದೆ. ಅಲ್ಲಿರುವುದು ತಲೆಮಾರುಗಳಿಂದ ಬಂದ ಪಳಗಿದ ಕಾಲು. ಮೊದಲು ಅದು ಯಾವ ಬಗೆಯ ಲೇತ್ ಎಂದು ತಿಳಿದುಕೊಂಡು ಆಮೇಲೆ ತೀರ್ಪು ಕೊಡಿ.

ನನ್ನ ಸಲಹೆ ಕೇಳಿದರೆ ಅಂತರ್ಜಾಲದ ಚಿತ್ರಗಳನ್ನು ಕೈಬಿಡಿ. ಚನ್ನಪಟ್ಟಣ ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ಅಷ್ಟೇ. ಆ ಹಿರಿಯರನ್ನೇ ಕೇಳಿಕೊಂಡು ಅವರು ಕೆಲಸ ಮಾಡುವಾಗ ಚಿತ್ರ ತೆಗೆಯಿರಿ, ಅವರ ಹೆಸರನ್ನೂ ಹಾಕಿ. ಕ್ಯಾಮೆರಾ ಕಡೆ ನೋಡಿ ಎಂದು ಮಾತ್ರ ಹೇಳಬೇಡಿ. ಪಳಗಿದವರ ಕಣ್ಣು ಕಡೆಯುವಾಗ ಉಳಿಯ ತುದಿಗಿಂತ ಹೆಚ್ಚಾಗಿ ಮರದ ಮೇಲಂಚಿನ ಮೇಲಿರುತ್ತದೆ, ಆಕಾರ ಮೂಡುವುದು ಅಲ್ಲಿ ಕಾಣುವುದರಿಂದ. ನೀವು ತುಂಡಿಗೆ ನೇರ ಎದುರು ನಿಲ್ಲಬೇಡಿ. ಮರ ಸೀಳಿ ಹಾರಿದರೆ ಬರುವುದು ಆ ಸಾಲಿಗೇ. ಟೇಲ್‌ಸ್ಟಾಕ್ ಬದಿಯಿಂದ ಓರೆಯಾಗಿ ನಿಂತರೆ ಉಳಿ, ಆಧಾರ, ಮರ ಮೂರೂ ಒಂದೇ ಚಿತ್ರದಲ್ಲಿ ಸಿಗುತ್ತವೆ.