ಶೆಡ್‌ನಲ್ಲಿರೋ ಡಾಡ್ಜ್‌ಗೆ ಸೆಲ್ಫ್ ಹೊಡೀಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹಳೇ ಅಮೆರಿಕನ್ ಕಾರುಗಳದ್ದೇ. ಚಿಕ್ಕಮಗಳೂರಿಂದ ಹಿಡಿದು ಮೆಲ್ಬರ್ನ್‌ವರೆಗೂ ನಮ್ಮವರು ಇವನ್ನ ಇಟ್ಕೊಂಡಿದಾರೆ ಅಂತ ನೋಡಿ ಖುಷಿ ಆಯ್ತು, ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ ಇರ್ಲಿ.

ಪ್ರಶ್ನೆ: ನಮ್ಮ ತಾತನ 1951ರ ಡಾಡ್ಜ್ ಕಿಂಗ್ಸ್‌ವೇ ಎಸ್ಟೇಟ್ ಶೆಡ್‌ನಲ್ಲಿ 25 ವರ್ಷದಿಂದ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡ್ಬಹುದಾ? ಪಾರ್ಟ್ಸ್ ಅಮೆರಿಕದಿಂದ ತರಿಸೋದಾದ್ರೆ ಏನಂತ ಹೇಳಿ ಕೇಳ್ಬೇಕು?
(ಓದುಗರು, ಚಿಕ್ಕಮಗಳೂರು)

ಉತ್ತರ: ದಯವಿಟ್ಟು ಈಗ್ಲೇ ಬ್ಯಾಟರಿ ತರ್ಬೇಡಿ, ಸೆಲ್ಫ್ ಹೊಡೀಲೇಬೇಡಿ. ಮಲೆನಾಡಿನ ತೇವದಲ್ಲಿ 25 ವರ್ಷ ನಿಂತಿರೋ ಇಂಜಿನ್ ಒಳಗೆ ಪಿಸ್ಟನ್ ರಿಂಗುಗಳು ಬೋರ್‌ಗೆ, ಅಂದ್ರೆ ಸಿಲಿಂಡರ್ ಒಳಗೋಡೆಗೆ, ತುಕ್ಕು ಹಿಡಿದು ಅಂಟ್ಕೊಂಡಿರ್ತವೆ, ಮೋಟರ್ ಬಲದಲ್ಲಿ ತಿರುಗಿಸಿದ್ರೆ ರಿಂಗ್ ಮುರಿಯತ್ತೆ, ಬೋರ್ ಗೀರು ಬೀಳತ್ತೆ, ಒಂದು ವಾರ ತಾಳ್ಮೆ ಇದ್ದಿದ್ರೆ ಉಳೀತಿದ್ದ ಇಂಜಿನ್ ರೀಬೋರ್‌ಗೆ ಹೋಗತ್ತೆ. ಆರೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಎರಡು ಮೂರು ಚಮಚ ಡೀಸೆಲ್ ಮತ್ತೆ ಇಂಜಿನ್ ಆಯಿಲ್ ಬೆರೆಸಿ ಬಿಡಿ, ಒಂದು ವಾರ ಹಾಗೇ ಇರ್ಲಿ, ಆಮೇಲೆ ಮುಂದಿನ ಕ್ರ್ಯಾಂಕ್ ಪುಲ್ಲಿ ನಟ್‌ಗೆ ಉದ್ದನೆ ಹ್ಯಾಂಡಲ್ ಹಾಕಿ ಕೈಯಲ್ಲೇ ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಜಗ್ಗಲಿಲ್ಲ ಅಂದ್ರೆ ಬಲ ಹಾಕ್ಬೇಡಿ, ಮತ್ತೆ ಒಂದು ವಾರ ನೆನೀಲಿ.

ನಿಮ್ಮದು ಫ್ಲ್ಯಾಟ್‌ಹೆಡ್ ಸಿಕ್ಸ್, ಅಂದ್ರೆ ಆರು ಸಿಲಿಂಡರು, ವಾಲ್ವ್‌ಗಳು ಇಂಜಿನ್ ಮೇಲಿನ ಮುಚ್ಚಳದಂತಿರೋ ಹೆಡ್‌ನಲ್ಲಿ ಅಲ್ಲ, ಸಿಲಿಂಡರ್ ಪಕ್ಕದಲ್ಲಿ ಬ್ಲಾಕ್‌ನಲ್ಲೇ ಇರೋದು. ಇದರಿಂದ ಒಂದು ದೊಡ್ಡ ಅನುಕೂಲ ಇದೆ, ಹೆಡ್ ಒಂದು ತೆಗೆದ್ರೆ ಪಿಸ್ಟನ್, ಬೋರ್, ವಾಲ್ವ್ ಎಲ್ಲಾ ತಟ್ಟೇಲಿ ಇಟ್ಟ ಹಾಗೆ ಕಾಣತ್ತೆ, ಯಾವ ವಾಲ್ವ್ ಮೇಲೇ ನಿಂತ್ಕೊಂಡಿದೆ ಅಂತ ಅನುಮಾನ ಪಡೋ ಅವಶ್ಯಕತೆನೇ ಇಲ್ಲ. ನಾನಾಗಿದ್ರೆ ಹೆಡ್ ತೆಗೆದೇ ನೋಡ್ತಿದ್ದೆ.

ಇನ್ನು ಪಾರ್ಟ್ಸ್ ವಿಷ್ಯ. ನಿಮ್ಮ ಗಾಡಿ ಹೆಸರಿಗೆ ಡಾಡ್ಜ್, ಆದ್ರೆ ಮೈ ಪ್ಲಿಮತ್‌ದು. ಎರಡೂ ಕ್ರೈಸ್ಲರ್ ಕಂಪನಿಯ ಬ್ರ್ಯಾಂಡುಗಳೇ, ಹೊರದೇಶಕ್ಕೆ ಅಂತ ಅವರು ಪ್ಲಿಮತ್ ಬಾಡಿ ಮೇಲೆ ಡಾಡ್ಜ್ ಗ್ರಿಲ್ಲು, ಬ್ಯಾಡ್ಜು ಹಾಕಿ ಕಿಂಗ್ಸ್‌ವೇ ಅಂತ ಕಳಿಸ್ತಿದ್ರು, ನಮ್ಮಲ್ಲಿ ಬಾಂಬೆಯ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಇಂಥಾ ಕಾರುಗಳನ್ನ ಜೋಡಿಸ್ತಿದ್ರು, ಡಿಸೋಟೊ ಡಿಪ್ಲೊಮ್ಯಾಟ್ ಕೂಡ ಇದರದ್ದೇ ಅಣ್ಣ ತಮ್ಮ. ಹಾಗಾಗಿ 1951 ಡಾಡ್ಜ್ ಅಂತ ಕೇಳಿ ಅಮೆರಿಕದಿಂದ ಬಾಗಿಲ ರಬ್ಬರೋ ಗಾಜೋ ತರಿಸಿದ್ರೆ ಕೂರಲ್ಲ, ಪ್ಲಿಮತ್‌ದು ಕೇಳಿ. ಡ್ಯಾಶ್‌ಬೋರ್ಡು, ಸ್ಟೀರಿಂಗ್ ಬಾಕ್ಸ್ ಥರದ ಬಲಗೈ ಡ್ರೈವ್ ಸಾಮಾನು ಅಮೆರಿಕದಲ್ಲಿ ಹುಡುಕೋದೇ ದಂಡ, ಅದಕ್ಕೆ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಕಡೆಯ ಮಾಲೀಕರನ್ನ ಕೇಳಿ.

ಇಂಜಿನ್‌ಗೆ ಬಂದ್ರೆ ಟೇಪ್ ಹಿಡಿದು ಹೆಡ್ ಉದ್ದ ಅಳೀರಿ. ಡೆಟ್ರಾಯ್ಟ್‌ನ ಪ್ಲಿಮತ್, ಡಾಡ್ಜ್ ಇಂಜಿನ್ ಹೆಡ್ ಸುಮಾರು 23 ಇಂಚು, ಕೆನಡಾದ ವಿಂಡ್ಸರ್‌ನಲ್ಲಿ ಮಾಡಿದ್ದು 25 ಇಂಚು. ನೋಡೋಕೆ ಒಂದೇ ಥರ, ಗ್ಯಾಸ್ಕೆಟ್ ಮಾತ್ರ ಒಂದಕ್ಕೊಂದು ಆಗಲ್ಲ. ನಾನು ಅಳೀದೇ ಆರ್ಡರ್ ಮಾಡಿ ಎರಡು ತಿಂಗಳು ಕಾದು, ಕಸ್ಟಮ್ಸ್‌ಗೆ ದುಡ್ಡು ಕಟ್ಟಿ ಬಿಡಿಸ್ಕೊಂಡು ಬಂದು ಬ್ಲಾಕ್ ಮೇಲೆ ಇಟ್ಟು ನೋಡಿದಾಗ ಎರಡು ಇಂಚು ಕಮ್ಮಿ, ಆ ದಿನದ ಸಂಕಟ ನನಗೆ ಗೊತ್ತು, ನಿಮಗೆ ಬೇಡ.

ಮೂರು ಸಣ್ಣ ವಿಷ್ಯ, ಆದ್ರೆ ಗೊತ್ತಿಲ್ದೆ ಹೋದ್ರೆ ದೊಡ್ಡ ನಷ್ಟ. ಎಡಗಡೆ ಎರಡೂ ಚಕ್ರದ ಬೋಲ್ಟ್ ಉಲ್ಟಾ ಥ್ರೆಡ್, ಬಿಚ್ಚೋಕೆ ಬಲಗಡೆಗೆ ತಿರುಗಿಸ್ಬೇಕು, ಇದು ಗೊತ್ತಿಲ್ದೆ ಪೈಪ್ ಹಾಕಿ ಹತ್ತಿ ನಿಂತು ಬೋಲ್ಟ್ ಮುರಿದ ಪಂಕ್ಚರ್ ಶಾಪ್‌ಗಳು ಬೇಕಾದಷ್ಟಿವೆ. ಹಿಂದಿನ ಡ್ರಮ್ ಸುತ್ತಿಗೇಲಿ ಹೊಡೆದ್ರೆ ಬರಲ್ಲ, ಆಕ್ಸಲ್ ತುದಿ ಮೊನೆಯಾಗಿದೆ, ಡ್ರಮ್ ಅದರ ಮೇಲೆ ಬಿಗಿಯಾಗಿ ಕೂತಿರತ್ತೆ, ಎಳೆದು ಬಿಚ್ಚೋ ಗಟ್ಟಿ ಪುಲ್ಲರ್ ಬೇಕೇ ಬೇಕು. ಕರೆಂಟ್ 6 ವೋಲ್ಟ್, ಅದೂ ಪಾಸಿಟಿವ್ ಅರ್ತ್, ಅಂದ್ರೆ ಬ್ಯಾಟರಿಯ ಪ್ಲಸ್ ಕಾರಿನ ಮೈಗೆ ಹೋಗತ್ತೆ. ಸೆಲ್ಫ್ ನಿಧಾನ ತಿರುಗತ್ತೆ ಅಂತ 12 ವೋಲ್ಟ್ ಮಾಡಿಸಿ ಅಂತ ಎಲ್ರೂ ಹೇಳ್ತಾರೆ, ಮೊದಲು ಬ್ಯಾಟರಿ ಕೇಬಲ್ ನೋಡಿ, ಈಗಿನ ಕಾರಿನ ತೆಳ್ಳನೆ ಕೇಬಲ್ ಹಾಕಿರ್ತಾರೆ. ವೋಲ್ಟ್ ಅರ್ಧ ಆದ್ರೆ ಅದೇ ಕೆಲಸಕ್ಕೆ ಆಂಪಿಯರ್ ಎರಡು ಪಟ್ಟು ಹರೀಬೇಕು, ಅದಕ್ಕೆ ಹೆಬ್ಬೆರಳು ಗಾತ್ರದ ಕೇಬಲ್ಲೇ ಬೇಕು.

ಮತ್ತೆ ಗಾಡಿ ಓಡೋದಕ್ಕಿಂತ ಮುಂಚೆ ನಿಲ್ಲೋದು ಕಲೀಲಿ. ಇದ್ರಲ್ಲಿ ಬ್ರೇಕ್ ಲೈನ್ ಒಂದೇ, ಎಲ್ಲಾದ್ರೂ ಒಂದು ಕಡೆ ಒಡೆದ್ರೆ ನಾಲ್ಕೂ ಚಕ್ರಕ್ಕೂ ಬ್ರೇಕ್ ಇಲ್ಲ, ನಿಮ್ಮೂರಿನ ಘಾಟಿ ನಾನು ಹೇಳ್ಬೇಕಾಗಿಲ್ಲ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಹೋಸ್ ಎಲ್ಲಾ ಹೊಸದಾದ ಮೇಲೇ ಶೆಡ್‌ನಿಂದ ಆಚೆ ತನ್ನಿ.

ಪ್ರಶ್ನೆ: ನನ್ನ ಹತ್ರ 1964ರ ಷೆವರ್ಲೆ ಇಂಪಾಲಾ ಇದೆ. ಇ20 ಪೆಟ್ರೋಲ್ (ಶೇ. 20 ಎಥನಾಲ್ ಬೆರೆಸಿದ್ದು) ಬಂದ ಮೇಲೆ ಟ್ರಾಫಿಕ್‌ನಲ್ಲಿ ಆಫ್ ಆಗತ್ತೆ, ಬಿಸಿ ಇದ್ದಾಗ ಮತ್ತೆ ಸ್ಟಾರ್ಟ್ ಆಗಲ್ಲ. ಇಂಜಿನ್ ಹಾಳಾಯ್ತಾ?
(ಓದುಗರು, ಬೆಂಗಳೂರು)

ಉತ್ತರ: ಇಂಜಿನ್ ಹಾಳಾಗಿಲ್ಲ, ಪೆಟ್ರೋಲು ಕಾರಿನ ಫ್ಯುಯೆಲ್ ಪಂಪ್‌ಗೆ ಬರೋದ್ರೊಳಗೇ ಆವಿ ಆಗ್ತಿದೆ. ಆ ಕಾಲದ ಮೆಕ್ಯಾನಿಕಲ್ ಪಂಪ್ ಇಂಜಿನ್ ಪಕ್ಕಕ್ಕೇ ಅಂಟ್ಕೊಂಡಿರತ್ತೆ, ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ನಿಂತ್ರೆ ಬಾನೆಟ್ ಒಳಗೆ ಕುದಿಯತ್ತೆ, ಲೈನ್‌ನಲ್ಲಿ ದ್ರವದ ಬದಲು ಆವಿ ಇದ್ರೆ ಪಂಪ್ ಏನನ್ನ ಎಳೀಬೇಕು? ಪೆಟ್ರೋಲ್ ಪೈಪು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕ ಹೋಗಿದ್ರೆ ದೂರ ಸರಿಸಿ, ಮಧ್ಯೆ ಒಂದು ತಗಡಿನ ಶೀಲ್ಡ್ ಹಾಕ್ಸಿ, ಕಾರ್ಬುರೇಟರ್ ಕೆಳಗೆ ದಪ್ಪ ಇನ್ಸುಲೇಟರ್ ಗ್ಯಾಸ್ಕೆಟ್ ಹಾಕ್ಸಿ. ಇಷ್ಟಕ್ಕೇ ಎಷ್ಟೋ ಗಾಡಿ ಸರಿಹೋಗಿವೆ.

ಎಥನಾಲ್ ಮಾಡೋ ಕಿತಾಪತಿ ಬೇರೆ. ಅದಕ್ಕೆ ಉರಿಯೋಕೆ ಪೆಟ್ರೋಲ್‌ನಷ್ಟು ಗಾಳಿ ಬೇಡ, ಹಾಗಾಗಿ 1964ರ ಕಾರ್ಬುರೇಟರ್ ಜೆಟ್‌ನಲ್ಲಿ (ಪೆಟ್ರೋಲ್ ಹರಿಯೋ ಸಣ್ಣ ತೂತು) ಇ20 ಹರಿದ್ರೆ ಮಿಕ್ಸ್ಚರ್ ತೆಳ್ಳಗಾಗತ್ತೆ, ಅಂದ್ರೆ ಗಾಳಿ ಜಾಸ್ತಿ ಆಗತ್ತೆ, ಪ್ಲಗ್ ಬಿಚ್ಚಿ ನೋಡಿದ್ರೆ ಬೆಳ್ಳಗೆ ಕಾಣತ್ತೆ, ಆಗ ಒಂದೆರಡು ಸೈಜ್ ದೊಡ್ಡ ಮೇನ್ ಜೆಟ್ ಹಾಕ್ಸಿ. ಹಳೇ ರಬ್ಬರ್ ಹೋಸ್, ಪಂಪ್ ಡಯಾಫ್ರಂ ಇವೆಲ್ಲಾ ಎಥನಾಲ್‌ಗೆ ಉಬ್ಬತ್ತೆ, ಮೆತ್ತಗಾಗತ್ತೆ, ಬಿರುಕು ಬಿಡತ್ತೆ, ಬಿಸಿ ಮ್ಯಾನಿಫೋಲ್ಡ್ ಮೇಲೆ ತೊಟ್ಟಿಕ್ಕಿದ್ರೆ ಬೆಂಕಿ. ಇದ್ರಲ್ಲಿ ಒಂದ್ರೂಪಾಯಿ ಕೂಡ ಉಳಿಸೋಕೆ ಹೋಗ್ಬೇಡಿ, ಫ್ಲೋರೋ ರಬ್ಬರ್ ಲೈನಿಂಗ್ ಇರೋ ಹೋಸನ್ನೇ ಕೇಳಿ ತಗೊಳ್ಳಿ, ಡಿಕ್ಕೀಲಿ ಒಂದು ಅಗ್ನಿಶಾಮಕ ಸಿಲಿಂಡರ್ ಇರ್ಲಿ. ಎಥನಾಲ್ ನೀರನ್ನೂ ಎಳ್ಕೊಳತ್ತೆ, ತಿಂಗಳುಗಟ್ಲೆ ಹೊರಗೆ ತೆಗೆಯಲ್ಲ ಅಂದ್ರೆ ಕಾರ್ಬುರೇಟರ್ ಬೌಲ್ ಖಾಲಿ ಮಾಡಿ ನಿಲ್ಲಿಸಿ.

ಆಯಿಲ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ವಾಲ್ವ್ ಎತ್ತೋ ಕ್ಯಾಮ್ ಶಾಫ್ಟ್ ಮೇಲೆ ನಿಮ್ಮ ಗಾಡೀಲಿ ಟ್ಯಾಪೆಟ್ ಉಜ್ಜಿಕೊಂಡೇ ಓಡೋದು, ಆ ಉಜ್ಜಾಟಕ್ಕೆ ಆಯಿಲ್‌ನಲ್ಲಿ ಝಿಂಕ್ ಬೇಕು. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಉಳೀಲಿ ಅಂತ ಹೊಸ ಕಾರ್ ಆಯಿಲ್‌ಗಳಲ್ಲಿ ಝಿಂಕ್ ಕಮ್ಮಿ ಮಾಡಿದಾರೆ, ಹಾಗಾಗಿ ದುಬಾರಿ ಸಿಂಥೆಟಿಕ್ ಹಾಕಿ ಕ್ಯಾಮ್ ಸವೆಸ್ಕೊಂಡವರನ್ನ ನೋಡಿದೀನಿ. ಡಬ್ಬಿ ಮೇಲೆ ಝಿಂಕ್ ಇದೆ ಅಂತ ಬರೆದಿರೋ ಹಳೇ ಕಾರಿನ 20ಡಬ್ಲ್ಯೂ50 ಹಾಕಿ.

ಪ್ರಶ್ನೆ: ಅಪ್ಪನ 1955ರ ಪ್ಲಿಮತ್‌ಗೆ ಯಾವಾಗ್ಲೋ ಡೀಸೆಲ್ ಇಂಜಿನ್ ಹಾಕ್ಸಿದಾರೆ. ವಿಂಟೇಜ್ ನಂಬರ್ ಸಿಗತ್ತಾ?
(ಓದುಗರು, ಹುಬ್ಬಳ್ಳಿ)

ಉತ್ತರ: ಈಗಿರೋ ಹಾಗೆ ಕಷ್ಟ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿ ಆಗಿ 50 ವರ್ಷ ದಾಟಿರ್ಬೇಕು, ಮೂಲ ರೂಪದಲ್ಲೇ ಇರ್ಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಯಿಸಿರ್ಬಾರ್ದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ, ನವೀಕರಣಕ್ಕೆ 5,000. ನಂಬರ್‌ನಲ್ಲಿ ರಾಜ್ಯದ ಅಕ್ಷರ ಆದ್ಮೇಲೆ ವಿಎ ಅಂತ ಬರತ್ತೆ. ಈ ನೋಂದಣಿ ಆದ್ಮೇಲೆ ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕ್ಸೋಕೆ ಮಾತ್ರ.

ಪೆಟ್ರೋಲ್ ತುಟ್ಟಿ ಆದ ಕಾಲ್ದಲ್ಲಿ ಡೀಸೆಲ್ ಹಾಕ್ಸಿದ್ದಕ್ಕೆ ಅಪ್ಪನ್ನ ದೂರ್ಬೇಡಿ, ಹಾಗೆ ಮಾಡಿದ್ದಕ್ಕೇ ಆ ಗಾಡಿ ಗುಜರಿಗೆ ಹೋಗದೆ ಉಳೀತು. ಕ್ಯೂಬಾದಲ್ಲೂ ಇದೇ ಕಥೆ, 1959ರ ಕ್ರಾಂತಿ ಆದ್ಮೇಲೆ ಅಮೆರಿಕದ ನಿರ್ಬಂಧ ಬಿದ್ದು ಪಾರ್ಟ್ಸ್ ಬರೋದೇ ನಿಂತಾಗ ಅಲ್ಲಿಯವರು ಷೆವರ್ಲೆಗೆ ಸಿಕ್ಕಿದ ಡೀಸೆಲ್ ಇಂಜಿನ್, ರಷ್ಯಾದ ಕಾರಿನ ಸಾಮಾನು ಎಲ್ಲಾ ಹಾಕಿ ಟ್ಯಾಕ್ಸಿ ಓಡಿಸ್ತಾ ಬಂದ್ರು. ಆದ್ರೆ ನಮಗೆ ಆ ನಿರ್ಬಂಧ ಇಲ್ವಲ್ಲ. ನಿಮ್ಮ ಗಾಡೀಲಿ ಮೊದಲು ಫ್ಲ್ಯಾಟ್‌ಹೆಡ್ ಸಿಕ್ಸ್ ಇದ್ದಿದ್ರೆ, ಅದನ್ನ ಕ್ರೈಸ್ಲರ್‌ನವರು ಫಾರ್ಮ್ ಮಷೀನು, ಫೋರ್ಕ್‌ಲಿಫ್ಟ್‌ಗೂ ವರ್ಷಾನುಗಟ್ಲೆ ಮಾರಿದಾರೆ, ಹುಡುಕಿದ್ರೆ ಸಿಗತ್ತೆ, ತಂದು ಕೂರ್ಸಿ ಆರ್‌ಟಿಓಗೆ ಹೋಗಿ. ಹಳೇ ಆರ್‌ಸಿಯಲ್ಲಿ ಇಂಜಿನ್ ನಂಬರ್ ಏನಿದೆ ಅಂತ ಈಗ್ಲೇ ನೋಡಿ ಇಟ್ಕೊಳ್ಳಿ.

ಪ್ರಶ್ನೆ: ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ. 1966ರ ಮಸ್ಟಾಂಗ್ ಒಂದು ಮಾರಾಟಕ್ಕಿದೆ, ಪೇಂಟ್ ಫಳಫಳ ಅಂತಿದೆ. ಏನು ನೋಡ್ಲಿ?
(ಓದುಗರು, ಜರ್ಮನಿ)

ಉತ್ತರ: ಒಂದು ಬಾಟಲಿ ನೀರು ತಗೊಂಡು ಹೋಗಿ. ಗಾಜಿನ ಕೆಳಗೆ ಬಾನೆಟ್ ಹಿಂದೆ ಗಾಳಿ ಒಳಗೆ ಹೋಗೋಕೆ ಸಣ್ಣ ಸಣ್ಣ ಸೀಳು ಇವೆ ನೋಡಿ, ಅಲ್ಲಿ ನೀರು ಸುರಿದು ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ ನೋಡಿ. ಆ ಜಾಗ ಒಳಗಿಂದ ತುಕ್ಕು ಹಿಡಿದಿದ್ರೆ ನೀರು ನೇರ ಕಾಲಡಿ ಕಾರ್ಪೆಟ್‌ಗೆ ಇಳಿಯತ್ತೆ. 1965ರಿಂದ 68ರ ಮಸ್ಟಾಂಗ್‌ಗಳ ದೊಡ್ಡ ರೋಗ ಇದು, ಸರಿ ಮಾಡ್ಬೇಕಂದ್ರೆ ನೂರಾರು ಸ್ಪಾಟ್ ವೆಲ್ಡ್ ಬಿಚ್ಬೇಕು. ಬಣ್ಣ ನೋಡಿ ಮರುಳಾಗ್ಬೇಡಿ.

ಚಾಸಿ ನಂಬರ್‌ನ ಐದನೇ ಅಕ್ಷರ ಇಂಜಿನ್ ಯಾವುದು ಅಂತ ಹೇಳತ್ತೆ. ಟಿ ಅಂದ್ರೆ ಆರು ಸಿಲಿಂಡರ್, ಸಿ ಅಂದ್ರೆ 289 ಕ್ಯೂಬಿಕ್ ಇಂಚಿನ ವಿ8, ಅಂದ್ರೆ ಎಂಟು ಸಿಲಿಂಡರ್. ವಿ8 ಅಂತ ದುಡ್ಡು ಕೇಳಿ ನಂಬರ್‌ನಲ್ಲಿ ಟಿ ಇದ್ರೆ ಆ ಇಂಜಿನ್ ಆಮೇಲೆ ಬಂದಿದ್ದು. ಬ್ಯಾಡ್ಜ್‌ನಲ್ಲಿ ಮಸ್ಟಾಂಗ್ ಬದಲು ಟಿ5 ಅಂತಿದ್ರೆ ಗಾಬರಿ ಆಗ್ಬೇಡಿ, ಖುಷಿ ಪಡಿ, ಜರ್ಮನಿಯಲ್ಲಿ ಆ ಹೆಸರು ಕ್ರುಪ್ ಕಂಪನಿ ಹತ್ರ ಇತ್ತು, ಅದಕ್ಕೇ ಫೋರ್ಡ್ ಅಲ್ಲಿ ಟಿ5 ಅಂತ ಮಾರ್ತಿತ್ತು, ಈಗ ಅವಕ್ಕೇ ಹುಡುಕಾಟ ಜಾಸ್ತಿ.

30 ವರ್ಷ ದಾಟಿ ಮೂಲ ಸ್ಥಿತಿಗೆ ಹತ್ರ ಇದ್ರೆ ಎಚ್ ಪ್ಲೇಟ್ (ಹಳೇ ಕಾರುಗಳ ವಿಶೇಷ ನಂಬರ್ ಪ್ಲೇಟ್) ಸಿಗತ್ತೆ, ವರ್ಷಕ್ಕೆ ಸುಮಾರು 192 ಯೂರೋ ತೆರಿಗೆ ಅಷ್ಟೇ, ಹೊಗೆ ಉಗುಳೋ ಗಾಡಿಗಳನ್ನ ಬಿಡದ ಪರಿಸರ ವಲಯಕ್ಕೂ ಬಿಡ್ತಾರೆ. ಅಮೆರಿಕದ ಸೀಲ್ಡ್ ಬೀಮ್ ದೀಪ ತೆಗೆದು ಯುರೋಪಿನ ಒಪ್ಪಿಗೆಯ ಇ ಗುರುತು ಇರೋ 7 ಇಂಚಿನ ದೀಪ ಹಾಕ್ಸಿ, ನಮ್ಮ ಬುಲೆಟ್ಟಿಗೂ ಜೀಪಿಗೂ ಬರ್ತಿದ್ದ ಅದೇ ಸೈಜು. ರಸ್ತೆಗೆ ಉಪ್ಪು ಹಾಕೋ ಚಳಿಗಾಲ ಪೂರ್ತಿ ಒಳಗಿಡಿ.

ಪ್ರಶ್ನೆ: ಅಮೆರಿಕದಿಂದ 1957ರ ಷೆವರ್ಲೆ ಮೆಲ್ಬರ್ನ್‌ಗೆ ತರಿಸ್ಬೇಕು ಅಂತಿದೀನಿ, ಸ್ಟೀರಿಂಗ್ ಬಲಕ್ಕೆ ಬದಲಾಯಿಸ್ಲೇಬೇಕಾ?
(ಓದುಗರು, ಆಸ್ಟ್ರೇಲಿಯಾ)

ಉತ್ತರ: ಬೇಡ, ಅಷ್ಟು ಹಳೇ ಗಾಡಿ ಎಡಗೈ ಡ್ರೈವ್‌ನಲ್ಲೇ ಓಡಿಸ್ಬಹುದು, ಬದಲಾಯಿಸಿ ಕೆಡಿಸ್ಬೇಡಿ. ನಿಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಹಳೇ ಕಾರು ಕ್ಲಬ್ ಸದಸ್ಯರಿಗೆ ಸಿಗೋ ಕ್ಲಬ್ ಪರ್ಮಿಟ್ ತಗೊಂಡ್ರೆ ವರ್ಷಕ್ಕೆ 45 ಅಥ್ವಾ 90 ದಿನ ಓಡಿಸೋ ಅವಕಾಶ, ಪ್ರತಿ ಸಲನೂ ಲಾಗ್‌ಬುಕ್‌ನಲ್ಲಿ ಬರೀಬೇಕು.

ನಿಜವಾದ ತಲೆನೋವು ಆಸ್ಬೆಸ್ಟಾಸ್. 2003ರ ಕೊನೆಯಿಂದ ಆಸ್ಟ್ರೇಲಿಯಾದಲ್ಲಿ ಅದಕ್ಕೆ ಪೂರ್ತಿ ನಿಷೇಧ, ಹಳೇ ಕಾರಿನ ಬ್ರೇಕ್ ಲೈನಿಂಗ್, ಕ್ಲಚ್, ಗ್ಯಾಸ್ಕೆಟ್‌ನಲ್ಲಿ ಅದು ಇರತ್ತೆ, ಬಂದರಿನಲ್ಲಿ ಸಿಕ್ಕಿಬಿದ್ರೆ ಗಾಡಿ ಅಲ್ಲೇ ನಿಲ್ಲತ್ತೆ, ಟೆಸ್ಟು, ಬಾಡಿಗೆ, ದಂಡ ಎಲ್ಲಾ ನಿಮ್ಮ ತಲೆ ಮೇಲೆ. ಹಡಗು ಹತ್ತಿಸೋಕೆ ಮುಂಚೇನೇ ಅಮೆರಿಕದಲ್ಲೇ ಅವೆಲ್ಲಾ ಬದಲಾಯಿಸಿ ರಿಪೋರ್ಟ್ ಮಾಡ್ಸಿ ಇಟ್ಕೊಳ್ಳಿ. ನಮ್ಮೂರಿನ ಮೆಕ್ಯಾನಿಕ್‌ಗಳಿಗೂ ಕೈ ಮುಗಿದು ಹೇಳ್ತೀನಿ, ಹಳೇ ಡ್ರಮ್ ಬಿಚ್ಚಿದಾಗ ಆ ಧೂಳನ್ನ ಗಾಳಿ ಪೈಪ್‌ನಲ್ಲಿ ಊದ್ಬೇಡಿ, ಒದ್ದೆ ಬಟ್ಟೇಲಿ ಒರೆಸಿ ಆ ಬಟ್ಟೇನ ಚೀಲದಲ್ಲಿ ಕಟ್ಟಿ ಬಿಸಾಕಿ. ಅದು ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ, ಕಾಯಿಲೆ ಕಾಣಿಸ್ಕೊಳ್ಳೋದು ಎಷ್ಟೋ ವರ್ಷ ಆದ್ಮೇಲೆ.

ಪ್ರಶ್ನೆ: ಐಟಿಐ ಓದ್ತಿದೀನಿ. ಇಂಥಾ ಗಾಡಿ ಕೆಲಸ ಎಲ್ಲಿ ಕಲೀಲಿ?
(ಓದುಗ, ಹಾಸನ)

ಉತ್ತರ: ಸಕಲೇಶಪುರ, ಮೂಡಿಗೆರೆ ಕಡೆ ಹಳೇ ಜೀಪ್ ಮೆಕ್ಯಾನಿಕ್‌ಗಳನ್ನ ಹುಡುಕು. ವಿಲ್ಲಿಸ್ ಜೀಪ್ ಅಂದ್ರೆ ಅಮೆರಿಕನ್ ಗಾಡಿನೇ ತಾನೆ, ಅದೇ ಇಂಚಿನ ನಟ್ಟು ಬೋಲ್ಟು, ಅದೇ ಥರದ ಡ್ರಮ್ ಬ್ರೇಕು, ಅದರ 6.00-16 ಟೈರ್ 1940ರ ಷೆವರ್ಲೆಗೂ ಹೋಗತ್ತೆ. ಇಂಚು ಅಳತೆಯ ಸ್ಪ್ಯಾನರ್ ಸೆಟ್ ಒಂದು ತಗೋ, 7/16, 1/2, 9/16 ಈ ಮೂರು ಒಳ್ಳೇ ಕ್ವಾಲಿಟಿದು ಇರ್ಲಿ, 13 ಎಂಎಂ ಸ್ಪ್ಯಾನರ್ 1/2 ಇಂಚಿನ ನಟ್‌ಗೆ ಕೂತ ಹಾಗೆ ಅನ್ಸತ್ತೆ, ಆದ್ರೆ ಜೋರು ಹಾಕಿದಾಗ ಜಾರಿ ಮೂಲೆ ಸವೆಸಿಬಿಡತ್ತೆ. ರಜೆ ಸಿಕ್ಕಾಗ ಧರ್ಮಸ್ಥಳದ ಕಾರ್ ಮ್ಯೂಸಿಯಂಗೆ ಹೋಗಿ ನೋಡು. ಭಾನುವಾರ ಗ್ಯಾರೇಜ್‌ಗೆ ಹೋದ್ರೆ ಮೊದಲ ತಿಂಗಳು ಪ್ಲಗ್ಗು, ಕಾರ್ಬುರೇಟರ್ ತೊಳೆಯೋ ಕೆಲಸಾನೇ ಕೊಡ್ತಾರೆ, ಬೇಜಾರು ಮಾಡ್ಕೋಬೇಡ, ಪ್ಲಗ್ಗಿನ ಬಣ್ಣ ಓದೋದು ಅಲ್ಲೇ ಬರೋದು.