ಯಾವ ಐದು ಟೂಲ್ ಕಲಿಯಲಿ ಅಂತ ಕೇಳಿದ್ದೀರಿ, ನಾನು ಆರನೇ ಪ್ರಶ್ನೆಯ ಕಥೆ ಹೇಳುತ್ತೇನೆ

ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಲು ಓದುತ್ತಿದ್ದೀರಿ. 15 ಆನ್‌ಲೈನ್ ಟೂಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿದ್ದೀರಿ. ಪ್ರಾಕ್ಟೀಸ್ ಟೀಚಿಂಗ್ ಶುರುವಾಗುವ ಮುಂಚೆ ಅದರಲ್ಲಿ ಯಾವ ಐದನ್ನು ಚೆನ್ನಾಗಿ ಕಲಿತರೆ ಮಕ್ಕಳು ಪಾಠದಲ್ಲಿ ಖುಷಿಯಾಗಿ ತೊಡಗುತ್ತಾರೆ ಅಂತ ಕೇಳಿದ್ದೀರಿ. ನಾನು ನಿಮ್ಮ ಹಾಗೆ ಓದುತ್ತಿದ್ದಾಗ ನನ್ನ ಪಟ್ಟಿಯಲ್ಲಿ 22 ಇದ್ದವು.

ಸುಮ್ನೆ ಹೆಸರುಗಳ ಪಟ್ಟಿಯಲ್ಲ. ಎಕ್ಸೆಲ್ ಶೀಟ್ ಮಾಡಿದ್ದೆ. ಉಚಿತವೋ ಅಲ್ಲವೋ, ಎಷ್ಟು ಮಕ್ಕಳು ಸೇರಬಹುದು, ಮೊಬೈಲಿನಲ್ಲಿ ತೆರೆಯುತ್ತದೋ ಇಲ್ಲವೋ, ನನಗೆ ಎಷ್ಟು ಇಷ್ಟವಾಯಿತು, ಎಲ್ಲಕ್ಕೂ ಒಂದೊಂದು ಕಾಲಂ. ಮಕ್ಕಳು ಯಾವ ಪಾಠದಲ್ಲಿ ಎಲ್ಲಿ ಎಡವುತ್ತಾರೆ ಅನ್ನುವುದಕ್ಕೆ ಮಾತ್ರ ಕಾಲಂ ಇರಲಿಲ್ಲ.

ಮಾರ್ಕ್ಸ್ ಹಾಕುವ ಪಾಠಕ್ಕೆ ನನಗೆ ಸಿಕ್ಕಿದ್ದು ನಾಲ್ಕನೇ ತರಗತಿ, ಭಿನ್ನರಾಶಿ, 40 ನಿಮಿಷ, 28 ಮಕ್ಕಳು. ಹಿಂದಿನ ಬೆಂಚಿನಲ್ಲಿ ನಮ್ಮ ಗೈಡ್ ಮೇಡಂ ನೋಟ್‌ಬುಕ್ ಹಿಡಿದು ಕೂರುತ್ತಾರೆ. ನಾನು ಪಟ್ಟಿಯಿಂದ ಒಂದು ಕ್ವಿಜ್ ಆ್ಯಪ್ ಆರಿಸಿದೆ. ನಿಮ್ಮ ಪಟ್ಟಿಯಲ್ಲೂ ಅಂಥದ್ದು ಎರಡು ಮೂರು ಖಂಡಿತ ಇರುತ್ತವೆ. ಪರದೆಯ ಮೇಲೆ ಪ್ರಶ್ನೆ, ನಾಲ್ಕು ಬಣ್ಣದ ಉತ್ತರಗಳು, ಓಡುವ ಗಡಿಯಾರ, ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ಪ್ರತಿ ಪ್ರಶ್ನೆ ಆದ ಮೇಲೆ ಯಾವ ಉತ್ತರ ಎಷ್ಟು ಜನ ಒತ್ತಿದರು ಅಂತ ಕಂಬಗಳು ಬರುತ್ತವೆ. ಆಮೇಲೆ ಮೊದಲ ಐದು ಹೆಸರುಗಳು. ನಾನು 12 ಪ್ರಶ್ನೆ ತಯಾರಿಸಿದೆ.

ಮೊದಲ ಐದು ಪ್ರಶ್ನೆ ಚಿತ್ರ ನೋಡಿ ಹೇಳುವಂಥವು. ಬಣ್ಣ ತುಂಬಿದ ಭಾಗ ಎಷ್ಟು, ಛೇದ ಯಾವುದು, ಹೀಗೆ. ಮಕ್ಕಳು ಸಲೀಸಾಗಿ ಒತ್ತಿದರು. ಕೂಗಾಟ, ಚಪ್ಪಾಳೆ. ನನಗೂ ಎದೆ ತುಂಬಿ ಬಂತು. ಆರನೇ ಪ್ರಶ್ನೆ ಹೀಗಿತ್ತು: 1/3 ಮತ್ತು 1/4, ಇವೆರಡರಲ್ಲಿ ಯಾವುದು ದೊಡ್ಡದು?

ಕಂಬಗಳು ಬಂದವು. 11 ಮಕ್ಕಳು 1/3. 17 ಮಕ್ಕಳು 1/4.

ನಾನು 'ಮುಂದೆ' ಒತ್ತಿದೆ.

ನನ್ನ ತಪ್ಪು ಇದೇ. ಹೊರಗಿನಿಂದ ನೋಡಿದರೆ ಇದು ತಪ್ಪಿನ ಹಾಗೆ ಕಾಣುವುದೇ ಇಲ್ಲ, ಅದಕ್ಕೇ ಬಿಡಿಸಿ ಹೇಳಬೇಕು. ಕಂಬ ನಾನು ನೋಡಲಿಲ್ಲ ಅಂತಲ್ಲ. ನೋಡಿದೆ. ‘ಅಯ್ಯೋ, ಸುಮಾರು ಜನ ತಪ್ಪು ಮಾಡಿದ್ದಾರೆ’ ಅಂತ ಅಂದುಕೊಂಡೆ ಕೂಡ. ಬಾಯಲ್ಲಿ "ಸರಿ ಉತ್ತರ 1/3, ಆಯ್ತಾ? ನೆನಪಿಟ್ಟುಕೊಳ್ಳಿ" ಅಂದೆ. ಬೆರಳು ಆಗಲೇ ಬಟನ್ ಮೇಲಿತ್ತು. ಆಟದ ಸಂಗೀತ ಬರುತ್ತಿತ್ತು, ಮಕ್ಕಳು "ಮುಂದಿಂದು, ಮುಂದಿಂದು" ಅಂತ ಕೂಗುತ್ತಿದ್ದರು, ಇನ್ನೂ ಆರು ಪ್ರಶ್ನೆ ಬಾಕಿ ಇದ್ದವು, ಹಿಂದೆ ಮೇಡಂ ಕೂತಿದ್ದರು. 12ನ್ನೂ ಮುಗಿಸಿದರೆ ಪಾಠ ಮುಗಿಯಿತು ಅಂತ ನನ್ನ ತಲೆಯಲ್ಲಿತ್ತು.

ಆದರೆ ನಿಜವಾದ ಕಾರಣ ಹಿಂದಿನ ರಾತ್ರಿಯಲ್ಲಿತ್ತು. ಅದು ನನಗೆ ಅರ್ಥವಾಗಲು ಒಂದು ವಾರ ಬೇಕಾಯಿತು. ಹಿಂದಿನ ರಾತ್ರಿ ನಾನು ಆ ಕ್ವಿಜ್ಜನ್ನು ನಾಲ್ಕು ಸಲ ಓಡಿಸಿ ನೋಡಿದ್ದೆ. ಲ್ಯಾಪ್‌ಟಾಪಿನಲ್ಲಿ ಟೀಚರ್, ಮೊಬೈಲಿನಲ್ಲಿ ಒಬ್ಬ ವಿದ್ಯಾರ್ಥಿ, ಇನ್ನೊಂದು ಬ್ರೌಸರಿನಲ್ಲಿ ಮತ್ತೊಬ್ಬ ವಿದ್ಯಾರ್ಥಿ, ಮೂವರೂ ನಾನೇ. ನಾನು ಎಲ್ಲಾ ಸಲವೂ ಸರಿ ಉತ್ತರವನ್ನೇ ಒತ್ತಿದ್ದೆ. ನಾಲ್ಕು ಸಲ 12 ಪ್ರಶ್ನೆ, ಇಬ್ಬರು ವಿದ್ಯಾರ್ಥಿಗಳು, ಒಟ್ಟು 96 ಉತ್ತರ. ಒಂದೂ ತಪ್ಪಿಲ್ಲ. ನನ್ನ ರಿಹರ್ಸಲ್‌ನಲ್ಲಿ ಯಾವ ಮಗುವೂ ತಪ್ಪು ಮಾಡಿರಲಿಲ್ಲ. ಆದ್ದರಿಂದ ಮಗು ತಪ್ಪು ಮಾಡಿದರೆ ಏನು ಮಾಡಬೇಕು ಅನ್ನುವ ಸಾಲು ನನ್ನ ಲೆಸನ್ ಪ್ಲ್ಯಾನ್‌ನಲ್ಲಿ ಇರಲೇ ಇಲ್ಲ. ಸೌಂಡ್ ಬರುತ್ತದಾ, ಆಟಕ್ಕೆ ಸೇರುವ ಕೋಡ್ ಕೆಲಸ ಮಾಡುತ್ತದಾ, ಚಿತ್ರ ಸರಿಯಾಗಿ ಕಾಣುತ್ತದಾ, ಇಷ್ಟನ್ನೇ ಪರೀಕ್ಷೆ ಮಾಡಿದ್ದೆ. ತರಗತಿಯಲ್ಲಿ 17 ತಪ್ಪು ಒಟ್ಟಿಗೆ ಎದುರು ನಿಂತಾಗ ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ, ಮುಂದೆ ಒತ್ತುವುದು.

ಇನ್ನೂ ಒಂದು ಮಾತು. ಆ 17 ಮಕ್ಕಳು ಗೊತ್ತಿಲ್ಲದೆ ಏನೋ ಒತ್ತಿದವರಲ್ಲ. ಅವರಿಗೆ 4 ಅನ್ನುವುದು 3ಕ್ಕಿಂತ ದೊಡ್ಡದು ಅಂತ ಚೆನ್ನಾಗಿ ಗೊತ್ತು. ಎರಡು ಮೂರು ವರ್ಷ ನಾವೇ ಅದನ್ನು ಕಲಿಸಿದ್ದೇವೆ. ಅದೇ ತಿಳಿವಳಿಕೆಯನ್ನು ಭಿನ್ನರಾಶಿಗೂ ತಂದರು. ಭಿನ್ನರಾಶಿ ಕಲಿಸಿದ ಯಾರನ್ನು ಕೇಳಿದರೂ ಈ ತಪ್ಪಿನ ಬಗ್ಗೆ ಹೇಳುತ್ತಾರೆ, ಅಷ್ಟು ಸಾಮಾನ್ಯ. ಒಳಗೆ ಒಂದು ಗಟ್ಟಿ ಕಾರಣ ಇರುವ ತಪ್ಪು "ನೆನಪಿಟ್ಟುಕೊಳ್ಳಿ" ಅಂದರೆ ಹೋಗುವುದಿಲ್ಲ.

ಗೈಡ್ ಮೇಡಂ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದಿದ್ದರು: "ಆರನೇ ಪ್ರಶ್ನೆ, 17 ಮಕ್ಕಳು. ಯಾಕೆ ಮುಂದೆ ಹೋದಿರಿ?" ಆ ಪಾಠ ಪಾಸಾಗಲಿಲ್ಲ. ಮತ್ತೆ ಮಾಡಬೇಕಾಯಿತು. ಅದು ನನಗೆ ಅಷ್ಟು ನೋಯಲಿಲ್ಲ. ನೋವಾಗಿದ್ದು ಮೂರು ದಿನದ ಮೇಲೆ. ಒಬ್ಬಳು ಹುಡುಗಿ ಬರವಣಿಗೆಯಲ್ಲಿ 1/10 ಎಲ್ಲಕ್ಕಿಂತ ದೊಡ್ಡದು ಅಂತ ಬರೆದಿದ್ದಳು. ಪಕ್ಕದಲ್ಲಿ ಕೂತು ಯಾಕಮ್ಮ ಅಂತ ಕೇಳಿದೆ. "ಟೀಚರ್, ನನಗೆ ಭಿನ್ನರಾಶಿ ಬರುತ್ತೆ. ಅವತ್ತು ಆಟದಲ್ಲಿ ಮೂರನೇ ಸ್ಥಾನ ಬಂದಿದ್ದೆ" ಅಂದಳು. ಅವಳು ಹೇಳಿದ್ದು ನಿಜ. ಸುಲಭದ ಪ್ರಶ್ನೆಗಳನ್ನು ಬೇಗ ಒತ್ತಿ ಅಂಕ ಗಳಿಸಿದ್ದಳು. ಮುಖ್ಯವಾದ ಪ್ರಶ್ನೆ ತಪ್ಪಿದರೂ ಅವಳ ಹೆಸರು ಪರದೆಯ ಮೇಲೆ ಬಂದಿತ್ತು. ನಿನಗೆ ಬರುತ್ತದೆ ಅಂತ ಅವಳನ್ನು ನಂಬಿಸಿದ್ದು ನಾನು.

ಎರಡನೇ ಸಲ ಪಾಠ ಮಾಡುವಾಗ 12 ಪ್ರಶ್ನೆ ಬಿಟ್ಟು ಮೂರು ಇಟ್ಟುಕೊಂಡೆ. ಪ್ಲಿಕರ್ಸ್ ಬಳಸಿದೆ. ಅದರಲ್ಲಿ ಮಕ್ಕಳ ಕೈಯಲ್ಲಿ ಯಾವ ಸಾಧನವೂ ಬೇಡ. ಒಬ್ಬೊಬ್ಬರಿಗೆ ಒಂದು ಪ್ರಿಂಟ್ ಮಾಡಿದ ಕಾರ್ಡ್, ಪ್ರತಿ ಕಾರ್ಡಿನ ಗುರುತು ಬೇರೆ ಬೇರೆ. ಕಾರ್ಡಿನ ಯಾವ ಬದಿ ಮೇಲೆ ಮಾಡಿ ಹಿಡಿದರು ಅನ್ನುವುದೇ ಉತ್ತರ. ಟೀಚರ್ ತನ್ನ ಫೋನಿನ ಕ್ಯಾಮೆರಾ ಹಿಡಿದು ತರಗತಿಯ ಉದ್ದಕ್ಕೂ ತೋರಿಸಿದರೆ ಎಲ್ಲರ ಉತ್ತರ ಸಿಗುತ್ತದೆ. ಪಕ್ಕದವರ ಉತ್ತರ ನೋಡಿ ಹಿಡಿಯುವುದು ಕಷ್ಟ. ವೇಗಕ್ಕೆ ಅಂಕ ಇಲ್ಲ. ನಿಧಾನದ ಮಗುವೂ ಕಾರ್ಡ್ ತಿರುಗಿಸಿ ಯೋಚನೆ ಮಾಡಿ ಎತ್ತಬಹುದು.

1/3, 1/4 ಪ್ರಶ್ನೆ ಮತ್ತೆ ಕೇಳಿದೆ. ಈ ಸಲವೂ 15 ಮಕ್ಕಳು ತಪ್ಪು. ಆದರೆ ಈಗ ಏನು ಮಾಡಬೇಕು ಅಂತ ಗೊತ್ತಿತ್ತು. ಸರಿ ಉತ್ತರ ಹೇಳಲಿಲ್ಲ. ಕಂಬವನ್ನೂ ತೋರಿಸಲಿಲ್ಲ, ತೋರಿಸಿದರೆ ಜಾಸ್ತಿ ಜನ ಇರುವ ಕಡೆಗೆ ಮಕ್ಕಳು ವಾಲುತ್ತಾರೆ. ಇಬ್ಬಿಬ್ಬರಿಗೆ ಒಂದೇ ಉದ್ದದ ಎರಡು ಕಾಗದದ ಪಟ್ಟಿ ಕೊಟ್ಟೆ. ಒಂದನ್ನು ಮೂರು ಸಮ ಭಾಗ ಮಡಿಸಿ, ಇನ್ನೊಂದನ್ನು ನಾಲ್ಕು. (ಮೂರು ಮಡಿಕೆ ಎಂಟೊಂಬತ್ತು ವರ್ಷದ ಕೈಗೆ ಕಷ್ಟ. ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡಿ.) ಒಂದೊಂದು ಭಾಗ ಪಕ್ಕ ಪಕ್ಕ ಇಟ್ಟು, ಯಾಕೆ ಹೀಗಾಯಿತು ಅಂತ ಒಬ್ಬರಿಗೊಬ್ಬರು ಹೇಳಿ ಅಂದೆ. ಐದು ನಿಮಿಷ ಸುಮ್ಮನೆ ಓಡಾಡುತ್ತಾ ಕೇಳಿಸಿಕೊಂಡೆ. ಒಬ್ಬ ಹುಡುಗ ಪಕ್ಕದವನಿಗೆ, "ಜಾಸ್ತಿ ಜನಕ್ಕೆ ಹಂಚಿದರೆ ನಿನಗೆ ಕಮ್ಮಿ ಸಿಗುತ್ತೆ ಅಲ್ವಾ, ಅದೇ ಇದು" ಅಂದ. ಅಷ್ಟು ಚೆನ್ನಾಗಿ ನಾನು ಹೇಳಿರಲಿಲ್ಲ. ಮತ್ತೆ ಕಾರ್ಡ್ ಎತ್ತಿಸಿದೆ. 24 ಸರಿ. ಉಳಿದ ನಾಲ್ವರ ಹೆಸರು ನನ್ನ ಫೋನಿನಲ್ಲಿತ್ತು. ಕೊನೆಯ ಹತ್ತು ನಿಮಿಷ ಅವರ ಜೊತೆ ಕೂತೆ.

ಈ ಕ್ರಮ ನಾನು ಕಂಡುಹಿಡಿದದ್ದಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಿಂದ ಕಾಲೇಜು ಹುಡುಗರಿಗೆ ಹೀಗೇ ಮಾಡುತ್ತಾ ಬಂದವರು: ಪ್ರಶ್ನೆ, ಒಬ್ಬೊಬ್ಬರೇ ಉತ್ತರ, ಪಕ್ಕದವರ ಜೊತೆ ಮಾತು, ಮತ್ತೆ ಉತ್ತರ. ಅದಕ್ಕೂ ಮುಂಚೆ, 1970ರ ದಶಕದಲ್ಲಿ, ಮೇರಿ ಬಡ್ ರೋ ಅನ್ನುವ ಸಂಶೋಧಕಿ ಪ್ರಾಥಮಿಕ ತರಗತಿಗಳಲ್ಲಿ ಕೂತು ಅಳೆದಿದ್ದರು. ಟೀಚರ್ ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ಬೇಗ ಒತ್ತಿದವರಿಗೆ ಜಾಸ್ತಿ ಅಂಕ ಕೊಡುವ ಟೂಲ್ ಇದಕ್ಕೆ ನೇರ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಅಂಥದ್ದನ್ನೇ ಬಳಸಬೇಕಾಗಿ ಬಂದರೆ ಟೈಮರ್ ತೆಗೆದುಬಿಡಿ. ಹಲವುಗಳಲ್ಲಿ ಅದಕ್ಕೆ ಸೆಟ್ಟಿಂಗ್ ಇರುತ್ತದೆ. ರ‍್ಯಾಂಕ್ ಪಟ್ಟಿಯನ್ನು ಚಿಕ್ಕ ಮಕ್ಕಳಿಗೆ ತೋರಿಸಲೇಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದ್ದರಿಂದ ‘ಯಾವ ಐದು’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಖುಷಿಯಾಗಿ ತೊಡಗುವುದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ನನ್ನ ಮೊದಲ ಪಾಠದಲ್ಲಿ 28 ಮಕ್ಕಳೂ ಖುಷಿಯಾಗಿಯೇ ತೊಡಗಿದ್ದರು. ಮೊದಲ ವರ್ಷಕ್ಕೆ ಎರಡು ಸಾಕು. ಎಲ್ಲರ ಉತ್ತರ ಒಟ್ಟಿಗೆ ನಿಮಗೆ ಕಾಣಿಸುವ ಒಂದು, ಮಕ್ಕಳು ಕೈಯಾಡಿಸಿ ನೋಡಬಹುದಾದ ಒಂದು. ಎರಡನೆಯದಕ್ಕೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ (PhET) ನೋಡಿ, ವಿಜ್ಞಾನ, ಗಣಿತವನ್ನು ಪರದೆಯ ಮೇಲೆ ಆಡಿಸಿ ನೋಡುವ ಸಿಮ್ಯುಲೇಶನ್‌ಗಳ ತಾಣ. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಉಚಿತ, ಲಾಗಿನ್ ಇಲ್ಲದೆ ಬ್ರೌಸರಿನಲ್ಲೇ ತೆರೆಯುತ್ತದೆ. ಭಿನ್ನರಾಶಿಗೂ ಇದೆ. ಆದರೆ ಕಾಗದದ ಪಟ್ಟಿ ಮಡಿಸಿದ ಮೇಲೆ ಅದನ್ನು ತೋರಿಸಿ, ಮುಂಚೆ ಬೇಡ.

ಟೂಲ್‌ಗಳ ಹಿಂದೆ ತಿಂಗಳುಗಟ್ಟಲೆ ಕೂರಬೇಡಿ ಅನ್ನಲು ಇನ್ನೊಂದು ಕಾರಣವಿದೆ. ಅವು ಉಳಿಯುವುದಿಲ್ಲ. 2020ರ ಕೊನೆಗೆ ಬ್ರೌಸರಿನಲ್ಲಿ ಆಟ, ಆ್ಯನಿಮೇಶನ್ ಓಡಿಸುತ್ತಿದ್ದ ಅಡೋಬ್ ಫ್ಲ್ಯಾಶ್ ನಿಂತಾಗ ಅದರಲ್ಲಿ ಮಾಡಿದ ಎಷ್ಟೋ ಕಲಿಕೆಯ ಆಟಗಳು ತೆರೆಯದೆ ಹೋದವು. ಟೀಚರ್, ಮಕ್ಕಳು ಸೇರುವ ಆನ್‌ಲೈನ್ ತರಗತಿಯ ತಾಣ ಎಡ್ಮೋಡೋ 2022ರಲ್ಲಿ ಮುಚ್ಚಿತು. ಗೂಗಲ್‌ನ ಆನ್‌ಲೈನ್ ಬೋರ್ಡ್ ಜ್ಯಾಮ್‌ಬೋರ್ಡ್ 2024ರ ಕೊನೆಗೆ ನಿಂತಿತು. ನನ್ನ 22ರಲ್ಲಿ ಈ ಕೊನೆಯ ಎರಡೂ ಇದ್ದವು. ‘ಯಾವ ತಪ್ಪಿಗೆ ಯಾವ ಪ್ರಶ್ನೆ’ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು ಈಗಲೂ ಪ್ರತಿ ವರ್ಷ ಕೆಲಸಕ್ಕೆ ಬರುತ್ತಿದೆ.

ಟೂಲ್ ಪರೀಕ್ಷೆ ಮಾಡುವಾಗ ತಪ್ಪು ಮಾಡುವ ಮಗುವಾಗಿ ಆಡಿ. ಬೇಕಂತಲೇ ತಪ್ಪು ಒತ್ತಿ. ಆಗ ಪರದೆ ಏನು ಹೇಳುತ್ತದೆ ನೋಡಿ. ಕೆಂಪು ಗುರುತು ತೋರಿಸಿ ಮುಂದೆ ಓಡುತ್ತದಾ, ನಿಲ್ಲಲು ಬಿಡುತ್ತದಾ? ಯಾರು ಯಾವ ತಪ್ಪು ಉತ್ತರ ಒತ್ತಿದರು ಅಂತ ನಿಮಗೆ ಗೊತ್ತಾಗುತ್ತದಾ? ಅರ್ಧ ತರಗತಿ ತಪ್ಪಾದರೆ ಮುಂದಿನ ಐದು ನಿಮಿಷ ಏನು ಮಾಡುತ್ತೀರಿ ಅಂತ ಪ್ರತಿ ಪ್ರಶ್ನೆಯ ಕೆಳಗೆ ಬರೆಯಿರಿ. ಬರೆಯಲು ಏನೂ ಹೊಳೆಯದಿದ್ದರೆ ಆ ಪ್ರಶ್ನೆ ತೆಗೆದುಹಾಕಿ. ತಪ್ಪು ಆಯ್ಕೆಗಳನ್ನೂ ಸುಮ್ನೆ ತುಂಬಬೇಡಿ. ಮಕ್ಕಳು ನಿಜವಾಗಿ ಮಾಡುವ ತಪ್ಪೇ ಅಲ್ಲಿರಬೇಕು. ಆಗ ಕಂಬ ನೋಡಿದ ಕೂಡಲೇ ಅವರು ಹೇಗೆ ಯೋಚಿಸಿದರು ಅಂತ ಗೊತ್ತಾಗುತ್ತದೆ.

ಮಕ್ಕಳ ಪೂರ್ತಿ ಹೆಸರು, ಫೋಟೋ ಯಾವ ಆ್ಯಪಿಗೂ ಹಾಕಬೇಡಿ. ಹಾಜರಿ ನಂಬರ್ ಸಾಕು. 13 ವರ್ಷದೊಳಗಿನ ಮಕ್ಕಳ ಖಾತೆಗೆ ಪೋಷಕರ ಅಥವಾ ಶಾಲೆಯ ಒಪ್ಪಿಗೆ ಬೇಕು ಅಂತ ಅನೇಕ ಸೇವೆಗಳ ನಿಯಮದಲ್ಲೇ ಇದೆ, ಶುರು ಮಾಡುವ ಮುಂಚೆ ಓದಿಕೊಳ್ಳಿ.

ಟೂಲ್ ಜಾಸ್ತಿ ಬರದಿದ್ದರೆ ಇಂಟರ್‌ವ್ಯೂನಲ್ಲಿ ಹಿಂದೆ ಬೀಳುತ್ತೇನಾ ಅಂತಲೂ ಕೇಳಿದ್ದೀರಿ. ನನ್ನ ಇಂಟರ್‌ವ್ಯೂನಲ್ಲಿ ಹೆಸರುಗಳ ಪಟ್ಟಿ ಹೇಳಲಿಲ್ಲ. ಆರನೇ ಪ್ರಶ್ನೆಯ ಕಥೆ ಹೇಳಿದೆ, ಎರಡನೇ ಪಾಠದ ಕಥೆಯನ್ನೂ ಹೇಳಿದೆ. ಕೆಲಸ ಸಿಕ್ಕಿತು.

ನಿಮ್ಮ ಮೊದಲ ಪಾಠ ಯಾವ ತರಗತಿಗೆ, ಯಾವ ವಿಷಯ ಅಂತ ಬರೆಯಿರಿ. ಮಕ್ಕಳು ಅಲ್ಲಿ ಎಲ್ಲೆಲ್ಲಿ ಎಡವುತ್ತಾರೆ ಅಂತ ನಾನು ಕಂಡಷ್ಟನ್ನು ಹೇಳುತ್ತೇನೆ. ಭಿನ್ನರಾಶಿಯೇ ಆದರೆ ಕಾಗದದ ಪಟ್ಟಿಗಳನ್ನು 24 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. 2, 3, 4, 6, 8 ಎಲ್ಲಕ್ಕೂ ಸರಿಯಾಗಿ ಭಾಗವಾಗುತ್ತದೆ, ಗುರುತು ಹಾಕುವುದು ಸುಲಭ.