ಮೂರು ಅಂಗ ಬೇರೆ ಬೇರೆ ಅಂದ್ಮೇಲೆ ಮಂತ್ರಿಗಳು ಸದನದಲ್ಲಿ ಯಾಕೆ ಕೂತಿರ್ತಾರೆ?

ಅರಸೀಕೆರೆ ಕಡೆಯಿಂದ ಸೆಕೆಂಡ್ ಪಿಯು ಓದ್ತಿರೋ ಹುಡುಗಿಯೊಬ್ಬಳು ಉದ್ದದ ಕಾಗದ ಬರ್ದಿದಾಳೆ. ಅದರ ಮುಖ್ಯ ಭಾಗ ಇದು: "ಸಾರ್, ನಮ್ಮ ಪುಸ್ತಕದಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರೂ ಬೇರೆ ಬೇರೆ, ಒಂದರ ಕೆಲಸಕ್ಕೆ ಇನ್ನೊಂದು ಕೈ ಹಾಕಬಾರದು ಅಂತ ಇದೆ. ಆದ್ರೆ ಮಂತ್ರಿಗಳೆಲ್ಲ ಎಮ್ಮೆಲ್ಲೆಗಳೇ ಅಲ್ವಾ? ರಾಜ್ಯಪಾಲರು ನಾಮಮಾತ್ರ ಅಂತ ಇನ್ನೊಂದು ಪಾಠದಲ್ಲಿದೆ, ಹಂಗಾದ್ರೆ ಯಾರು ಸಿಎಂ ಆಗ್ಬೇಕು ಅಂತ ಅವರು ಹೆಂಗೆ ಹೇಳ್ತಾರೆ? ಕೊನೆಗೆ ಎಲ್ಲ ರೆಸಾರ್ಟಲ್ಲೇ ನಡೆಯೋದಾದ್ರೆ ನಾವು ಇದನ್ನ ಯಾಕೆ ಓದ್ಬೇಕು? ಲೆಕ್ಚರರ್ ಕೇಳಿದ್ರೆ ಪುಸ್ತಕದಲ್ಲಿರೋದು ಬರಿ ಸಾಕು ಅಂದ್ರು."

ನೋಡಮ್ಮ, ಪರೀಕ್ಷೆಲಿ ಪುಸ್ತಕದಲ್ಲಿರೋದೇ ಬರಿ, ಮಾರ್ಕ್ಸ್ ವಿಷ್ಯದಲ್ಲಿ ನಾನು ನಿಮ್ಮ ಲೆಕ್ಚರರ್ ಜೊತೆ ಜಗಳಕ್ಕೆ ಬರಲ್ಲ. ಆದ್ರೆ ನೀನು ಕೇಳಿರೋದು ಸರಿಯಾಗೇ ಇದೆ.

ಬೆಂಗಳೂರಿಗೆ ಬಂದಾಗ ಅಂಬೇಡ್ಕರ್ ವೀದಿಲಿ ನಿಂತು ನೋಡು. ಈ ಕಡೆ ವಿಧಾನಸೌಧ, ಆ ಕಡೆ ಕೆಂಪು ಕಟ್ಟಡ, ಅಂದ್ರೆ ಅಠಾರಾ ಕಚೇರಿ, ಅಲ್ಲೇ ಹೈಕೋರ್ಟ್. ವಿಧಾನಸೌಧದ ಒಳಗೆ ವಿಧಾನಸಭೆನೂ ಇದೆ, ಸಿಎಂ ಕೊಠಡಿನೂ ಇದೆ, ಮಂತ್ರಿಗಳ ಚೇಂಬರೂ ಇದೆ. ಶಾಸಕಾಂಗ, ಕಾರ್ಯಾಂಗ ಎರಡೂ ಒಂದೇ ಸೂರಿನ ಕೆಳಗೆ, ಕೋರ್ಟ್ ಮಾತ್ರ ರಸ್ತೆ ಆಚೆ. ಕಟ್ಟಿದೋರು ಇದನ್ನ ಯೋಚಿಸಿ ಕಟ್ಟಿದ್ದಲ್ಲ, ಆದ್ರೆ ನಮ್ಮ ಸಂವಿಧಾನದಲ್ಲಿರೋದೂ ಹೆಚ್ಚುಕಮ್ಮಿ ಇದೇ. 50ನೇ ವಿಧಿ ತೆಗೆದು ಓದು, ನ್ಯಾಯಾಂಗವನ್ನ ಕಾರ್ಯಾಂಗದಿಂದ ಬೇರೆ ಮಾಡೋಕೆ ಸರ್ಕಾರ ಕ್ರಮ ತಗೋಬೇಕು ಅಂತಿದೆ. ಶಾಸಕಾಂಗದಿಂದ ಕಾರ್ಯಾಂಗನ ಬೇರೆ ಮಾಡಿ ಅಂತ ಅಲ್ಲಿ ಇಲ್ಲ. ಅದು ಅಮೆರಿಕದ ಪದ್ಧತಿ, ಅಲ್ಲಿ ಸಂಸತ್ತಿನ ಸದಸ್ಯರಾಗಿದ್ದುಕೊಂಡೇ ಮಂತ್ರಿಯಾಗೋ ಹಾಗಿಲ್ಲ. ನಮ್ಮಲ್ಲಿ ಉಲ್ಟಾ, ಸದಸ್ಯ ಅಲ್ಲದೋನು ಮಂತ್ರಿಯಾದ್ರೆ ಆರು ತಿಂಗಳೊಳಗೆ ಯಾವುದಾದ್ರೂ ಒಂದು ಸದನದ ಸದಸ್ಯ ಆಗ್ಬೇಕು, ಇಲ್ಲಾಂದ್ರೆ ಮನೆಗೆ.

ಆ 50ನೇ ವಿಧಿ ಕೂಡ ಪೂರ್ತಿ ಜಾರಿಯಾಗಿಲ್ಲ ಅನ್ನೋದು ನಿಮ್ಮ ತಾಲೂಕಲ್ಲೇ ಕಾಣುತ್ತೆ. ಮನೇಲಿ ಜಮೀನಿನ ತಕರಾರು ಇದ್ರೆ ಅಪ್ಪ ಅಮ್ಮ "ಎಸಿ ಕೋರ್ಟಲ್ಲಿ ಕೇಸಿದೆ" ಅನ್ನೋದು ಕೇಳಿರ್ತೀಯ. ಆ ಎಸಿ, ಅಂದ್ರೆ ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಜಡ್ಜ್ ಅಲ್ಲ, ಕಂದಾಯ ಇಲಾಖೆ ಆಫೀಸರ್ರು. ಬೆಳಿಗ್ಗೆ ಸರ್ಕಾರದ ಮೀಟಿಂಗು, ಮಧ್ಯಾಹ್ನ ಮ್ಯುಟೇಶನ್ (ಜಮೀನಿನ ಖಾತೆ ಬದಲಾವಣೆ) ಅಪೀಲು. ತಹಶೀಲ್ದಾರ್ರೂ ಹಾಗೇ, ಅವರಿಗೆ ಮ್ಯಾಜಿಸ್ಟ್ರೇಟ್ ಅಧಿಕಾರನೂ ಇದೆ. ನಿನ್ನ ಪ್ರಾಜೆಕ್ಟಿಗೆ ಅಂತ ಒಂದಿನ ಹೋಗಿ ಕೂತು ನೋಡು, ಮೂರು ಅಂಗದ ಚಿತ್ರ ಬರೆಯೋದಕ್ಕಿಂತ ಒಳ್ಳೇದು.

ಇನ್ನು ಅಸಲಿ ವಿಷ್ಯ. ಯಾವ ಸಂಸ್ಥೆ ಬಗ್ಗೆ ಓದಿದ್ರೂ, ಇವರ ಕೆಲ್ಸ ಏನು ಅಂತ ಪಟ್ಟಿ ಮಾಡೋಕೆ ಮುಂಚೆ, ಇವರನ್ನ ಇಳಿಸೋರು ಯಾರು ಅಂತ ಕೇಳು. ಸಿಎಂ ಮತ್ತು ಮಂತ್ರಿಮಂಡಲವನ್ನ ಇಳಿಸೋದು ವಿಧಾನಸಭೆ, 164ನೇ ವಿಧಿಲಿರೋ ಸಾಮೂಹಿಕ ಹೊಣೆ ಅಂದ್ರೆ ಇದೇ, ಅದಕ್ಕೇ ಅವರು ಸದನದಲ್ಲಿ ಎದುರಿಗೇ ಕೂತಿರ್ಬೇಕು, ಪ್ರಶ್ನೆ ಕೇಳೋಕೆ ಕೈಗೆ ಸಿಗ್ಬೇಕು. ಸ್ಪೀಕರನ್ನೂ ಸದನವೇ ಇಳಿಸುತ್ತೆ, ಆದ್ರೆ 14 ದಿನದ ನೋಟಿಸ್ ಕೊಡ್ಬೇಕು. ಹೈಕೋರ್ಟು, ಸುಪ್ರೀಂ ಕೋರ್ಟು ಜಡ್ಜ್‌ನ ಇಳಿಸೋಕೆ ಸಂಸತ್ತಿನ ಎರಡೂ ಸದನದಲ್ಲಿ ವಿಶೇಷ ಬಹುಮತ ಬೇಕು. 1993ರಲ್ಲಿ ವಿ. ರಾಮಸ್ವಾಮಿ ವಿರುದ್ಧದ ನಿರ್ಣಯ ಲೋಕಸಭೆಲಿ ಬಿದ್ದೋಯ್ತು, 2011ರಲ್ಲಿ ಸೌಮಿತ್ರ ಸೇನ್ ವಿರುದ್ಧ ರಾಜ್ಯಸಭೆ ಪಾಸ್ ಮಾಡ್ತು, ಲೋಕಸಭೆಗೆ ಬರೋ ಮುಂಚೆ ಅವರೇ ರಾಜೀನಾಮೆ ಕೊಟ್ರು. ಅಷ್ಟು ಕಷ್ಟ ಇಟ್ಟಿರೋದು ಬೇಕಂತಲೇ, ಸರ್ಕಾರದ ವಿರುದ್ಧ ತೀರ್ಪು ಕೊಟ್ಟ ಜಡ್ಜ್‌ನ ಮಾರನೇ ದಿನ ಓಡಿಸೋ ಹಾಗಾಗಬಾರದು ಅಂತ.

ಈಗ ರಾಜ್ಯಪಾಲರಿಗೂ ಇದೇ ಪ್ರಶ್ನೆ ಕೇಳು. ಅವರನ್ನ ವಿಧಾನಸಭೆ ಇಳಿಸೋಕಾಗಲ್ಲ, ನೀನೂ ನಾನೂ ಓಟು ಹಾಕಿ ಇಳಿಸೋಕಾಗಲ್ಲ. ರಾಷ್ಟ್ರಪತಿಗಳ ಇಷ್ಟ ಇರೋವರೆಗೂ ಇರ್ತಾರೆ, ಅಂದ್ರೆ ಲೆಕ್ಕದಲ್ಲಿ ಕೇಂದ್ರ ಸರ್ಕಾರದ ಇಷ್ಟ. ನಾಮಮಾತ್ರ ಅನ್ನೋದು ದಿನನಿತ್ಯದ ಕೆಲಸಕ್ಕೆ ನಿಜ, ಮಂತ್ರಿಮಂಡಲ ಹೇಳಿದ ಹಾಗೆ ಸಹಿ ಹಾಕ್ಬೇಕು, ಅವರು ಬರೆದುಕೊಟ್ಟ ಭಾಷಣಾನೇ "ನನ್ನ ಸರ್ಕಾರ" ಅಂತ ಓದ್ಬೇಕು. ಆದ್ರೆ ಯಾರಿಗೂ ಬಹುಮತ ಇಲ್ಲದ ದಿನ ಸಲಹೆ ಕೊಡೋಕೆ ಮಂತ್ರಿಮಂಡಲವೇ ಗಟ್ಟಿಯಾಗಿರಲ್ಲ, ಆಗ ನಾಮಮಾತ್ರದ ಕುರ್ಚಿಗೆ ದಿಢೀರ್ ಅಂತ ಬಲ ಬಂದ್ಬಿಡುತ್ತೆ. ನಮ್ಮ ವ್ಯವಸ್ಥೇಲಿ ಇದೇ ದುರ್ಬಲ ಜಾಗ ಅಂತ ನನ್ನ ಅಭಿಪ್ರಾಯ.

ಇದಕ್ಕೆ ದೇಶಕ್ಕೇ ಪಾಠ ಆದ ಕೇಸು ನಮ್ಮದೇ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸಿಎಂ. ಬೆಂಬಲ ವಾಪಸ್ ಅಂತ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗೆ ಹೋದ್ವು. ಆಮೇಲೆ ಅದರಲ್ಲಿ ಏಳು ಜನ, ನಮ್ಮ ಸಹಿನ ಸುಳ್ಳು ಹೇಳಿ ತಗೊಂಡಿದಾರೆ, ನಾವು ಸರ್ಕಾರದ ಜೊತೆಗೇ ಇದೀವಿ ಅಂತ ಬರೆದುಕೊಟ್ರು. ಬೊಮ್ಮಾಯಿಯವರು ಬೇಕಾದ್ರೆ ಅಧಿವೇಶನ ಬೇಗ ಕರೀತೀನಿ, ಸದನದಲ್ಲೇ ಎಣಿಸಿ ಅಂದ್ರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಹೈಕೋರ್ಟಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದ್ರು, 1994ರ ಮಾರ್ಚ್ 11ಕ್ಕೆ ಒಂಬತ್ತು ಜಡ್ಜ್‌ಗಳ ಪೀಠ ಹೇಳ್ತು, ಬಹುಮತ ಇದೆಯೋ ಇಲ್ವೋ ಅಂತ ಎಣಿಸೋ ಜಾಗ ಸದನ, ರಾಜಭವನ ಅಲ್ಲ. ರಾಷ್ಟ್ರಪತಿ ಆಳ್ವಿಕೆ ತರೋ 356ನೇ ವಿಧಿ ಬಳಸಿದ್ದು ಸರಿನಾ ಅಂತ ಕೋರ್ಟ್ ನೋಡಬಹುದು ಅಂತಾನೂ ಹೇಳ್ತು. ಬೊಮ್ಮಾಯಿಯವರಿಗೆ ಇದರಿಂದ ಕುರ್ಚಿ ಸಿಗ್ಲಿಲ್ಲ, ಅಷ್ಟೊತ್ತಿಗೆ ಚುನಾವಣೆ ಆಗಿ ಬೇರೆ ಸರ್ಕಾರ ಬಂದಾಗಿತ್ತು. (ಸಂವಿಧಾನದ ಮೂಲ ರಚನೆ ಪಾಠದಲ್ಲಿ ಬರೋ ಕೇಶವಾನಂದ ಭಾರತಿಯವರು ನಮ್ಮ ಕಾಸರಗೋಡಿನ ಎಡನೀರು ಮಠದವರು, ಮಿನರ್ವ ಮಿಲ್ಸ್ ಅನ್ನೋದು ಬೆಂಗಳೂರಿನ ಬಟ್ಟೆ ಮಿಲ್ಲು. ಇದನ್ನ ಪುಸ್ತಕದೋರು ಒಂದು ಸಾಲಾದ್ರೂ ಹಾಕಿದ್ರೆ ನಿಮಗೆ ನೆನಪಿಟ್ಕೊಳ್ಳೋಕೆ ಸುಲಭ ಆಗ್ತಿತ್ತು.)

ಆ ತೀರ್ಪು ಕೆಲಸಕ್ಕೆ ಬಂದಿದ್ದು 2018ರಲ್ಲಿ. ಬಿಜೆಪಿಗೆ 104 ಸೀಟು, ಕಾಂಗ್ರೆಸ್ ಜೆಡಿಎಸ್ ಫಲಿತಾಂಶ ಬಂದ್ಮೇಲೆ ಒಂದಾದ್ವು. ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರನ್ನ ಕರೆದು ಬಹುಮತ ತೋರಿಸೋಕೆ 15 ದಿನ ಕೊಟ್ರು. ಮಧ್ಯರಾತ್ರಿ ಮೇಲೆ ಸುಪ್ರೀಂ ಕೋರ್ಟ್ ಕೂತು ಕೇಳ್ತು, ಪ್ರಮಾಣವಚನ ತಡೀಲಿಲ್ಲ, ಆದ್ರೆ ಮೇ 18ಕ್ಕೆ, ನಾಳೆ ಸಂಜೆ ನಾಲ್ಕಕ್ಕೇ ಎಣಿಸಿ ಅಂತು. 15 ದಿನ ಹೋಗಿ ಒಂದು ದಿನ ಆಯ್ತು, ಮತಕ್ಕೆ ಹಾಕೋ ಮುಂಚೇನೇ ಯಡಿಯೂರಪ್ಪ ರಾಜೀನಾಮೆ ಕೊಟ್ರು.

ರೆಸಾರ್ಟ್ ಬಗ್ಗೆ ಕೇಳಿದ್ಯಲ್ಲ, ಅದರ ಉತ್ತರನೂ ಇಲ್ಲೇ ಇದೆ. ರಾಜಭವನದಲ್ಲಿ ಪತ್ರ ಕೊಟ್ರೆ ಸಾಕು ಅನ್ನೋ ಕಾಲದಲ್ಲಿ ಸಹಿ ಇದ್ರೆ ಆಗ್ತಿತ್ತು, ಈಗ ಮನುಷ್ಯರೇ ಸದನಕ್ಕೆ ಬಂದು ನಿಲ್ಬೇಕು, ಅದಕ್ಕೇ ಆ ದಿನ ಬರೋವರೆಗೂ ಅವರನ್ನ ಬಿಡದಿಲೋ ಹೈದರಾಬಾದಲ್ಲೋ ಮುಂಬೈಲೋ ಕೂಡಿಹಾಕೋದು. ನೋಡೋಕೆ ಅಸಹ್ಯನೇ, ಆದ್ರೆ ನಿಯಮ ಇಲ್ಲದೇ ಇರೋದ್ರಿಂದ ಹುಟ್ಟಿದ್ದಲ್ಲ, ನಿಯಮ ಇರೋದ್ರಿಂದಾನೇ ಹುಟ್ಟಿದ್ದು. ಪಾಠ ಓದದೇ ಇದ್ರೆ ಬಸ್ಸು, ರೆಸಾರ್ಟು ಅಷ್ಟೇ ಕಾಣುತ್ತೆ.

ಇನ್ನೊಂದು, ನೀನು ಬಹುಮತ ಅಂದ್ರೆ 113 ಅಂತ ಬರ್ದಿದೀಯ. ವಿಧಾನಸಭೆಯ 224 ಸ್ಥಾನದ ಅರ್ಧಕ್ಕೆ ಒಂದು ಸೇರಿಸಿದ್ರೆ 113 ನಿಜ, ಆದ್ರೆ ಆ ಸಂಖ್ಯೆ ಸಂವಿಧಾನದಲ್ಲಿ ಎಲ್ಲೂ ಇಲ್ಲ. ಹಾಜರಿದ್ದು ಮತ ಹಾಕಿದವರಲ್ಲಿ ಹೆಚ್ಚು ಯಾರ ಕಡೆ ಅನ್ನೋದಷ್ಟೇ ಲೆಕ್ಕ. 2019ರ ಜುಲೈ 23ಕ್ಕೆ ಕಾಂಗ್ರೆಸ್ ಜೆಡಿಎಸ್ ಸೇರಿ ಮಾಡಿದ್ದ ಕುಮಾರಸ್ವಾಮಿ ಸರ್ಕಾರ ಬಿದ್ದಿದ್ದು 99ಕ್ಕೆ 105ರಿಂದ, ಎರಡೂ ಕಡೆ 113 ಇರ್ಲಿಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಪ್ರಕಾರ ಪಕ್ಷದ ವಿರುದ್ಧ ಓಟು ಹಾಕಿದ್ರೆ ಸ್ಥಾನ ಹೋಗುತ್ತೆ, ಅದಕ್ಕೇ ಆ ಎರಡು ಪಕ್ಷಗಳ ಕೆಲವು ಶಾಸಕರು ಹಾಗೆ ಮಾಡೋ ಬದಲು ರಾಜೀನಾಮೆ ಬರ್ಕೊಟ್ಟು ಗೈರಾಗೋ ದಾರಿ ಕಂಡ್ಕೊಂಡ್ರು. ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನ ಅನರ್ಹ ಮಾಡಿ, ಈ ವಿಧಾನಸಭೆ ಅವಧಿ ಮುಗಿಯೋವರೆಗೂ ಮತ್ತೆ ನಿಲ್ಲೋ ಹಾಗಿಲ್ಲ ಅಂದ್ರು. ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಅಂತು, ನಿಲ್ಲಬಾರದು ಅನ್ನೋದನ್ನ ಒಪ್ಪಲಿಲ್ಲ. ಡಿಸೆಂಬರಲ್ಲಿ 15 ಕ್ಷೇತ್ರಕ್ಕೆ ಉಪಚುನಾವಣೆ ಆಗಿ, ಅನರ್ಹರಾದವರಲ್ಲಿ ಹೆಚ್ಚಿನವರು ಬಿಜೆಪಿಯಿಂದ ನಿಂತು, 12 ಬಿಜೆಪಿಗೆ ಬಂತು. ಶಾಸಕನನ್ನ ಇಳಿಸೋರು ಯಾರು ಅನ್ನೋ ಪ್ರಶ್ನೆಗೆ ಜನ ಆವತ್ತು ಕೊಟ್ಟ ಉತ್ತರ ನನಗೆ ಬೇಜಾರು ತರಿಸ್ತು, ಆದ್ರೆ ಉತ್ತರ ಕೊಡೋ ಹಕ್ಕು ಅವರದ್ದೇ.

ವಿಧಾನ ಪರಿಷತ್, ಅಂದ್ರೆ ಮೇಲ್ಮನೆ, ಯಾಕೆ ಬೇಕು ಅಂತ ಕಾಗದದ ಕೊನೇಲಿ ಕೇಳಿದೀಯ. ಅಲ್ಲಿ 75 ಜನ ಇದಾರೆ, ಅವರು ಸರ್ಕಾರನ ಬೀಳಿಸೋಕಾಗಲ್ಲ, ಹಣಕಾಸು ಮಸೂದೆನ 14 ದಿನಕ್ಕಿಂತ ಹೆಚ್ಚು ಹಿಡಿದಿಟ್ಕೊಳ್ಳೋಕೂ ಆಗಲ್ಲ. ಬೇಕಾ ಬೇಡ್ವಾ ಅನ್ನೋದಕ್ಕೆ ಬೇರೆ ಓದುಗರೂ ಬರೀಲಿ, ಮುಂದಿನ ಸಂಚಿಕೇಲಿ ಹಾಕೋಣ.

— ಸಂ.